ಕವಿರಾಜಮಾರ್ಗದ ನಾಡಮೇರೆಯೂ ಬೀದರಿನ ನೆಲದ ಚರಿತ್ರೆಯೂ

ಕನ್ನಡನಾಡಿನ ಮೇರೆಯನ್ನು ಕುರಿತು ಕವಿರಾಜಮಾರ್ಗದ ಪ್ರಥಮ ಪರಿಚ್ಛೇದದಲ್ಲಿ ಬರುವ ಪದ್ಯವು ಸರ್ವವಿದಿತವಾದುದು. ಕಾವೇರಿಯಿಂದ ಗೋದಾವರಿಯ ತನಕ ಹರಡಿರುವ ನಾಡೆಂದು ಅದು ಹೇಳುತ್ತದೆ. ಶಾಲೆಯ ಪಾಠದಿಂದ ಮೊದಲ್ಗೊಂಡು ವಿದ್ವತ್ಸಭೆಯ ಉಪನ್ಯಾಸದವರೆಗೆ ಇಷ್ಟು ಸಲ ಉದಾಹೃತವಾಗುವ ಪ್ರಾಚೀನ ಪದ್ಯಗಳು ವಿರಳ. ಆದರೆ ಉದಾಹರಣೆ ಹೆಚ್ಚಿದಷ್ಟು ವಿಚಾರವೂ ಹೆಚ್ಚಿತೆಂದು ಹೇಳುವಂತಿಲ್ಲ. ಪದ್ಯದ ಅಭಿಪ್ರಾಯವನ್ನು ಸಾಮಾನ್ಯವಾಗಿ ಎರಡು ಬಗೆಯಾಗಿ ಗ್ರಹಿಸುವುದುಂಟು. ಒಂದು ಪಕ್ಷದವರು ಇದನ್ನು ರಾಜ್ಯದ ಗಡಿರೇಖೆಯೆಂದು ತಿಳಿದು, ಅಂದು ಕನ್ನಡಿಗರದಾಗಿದ್ದ ಗೋದಾವರಿ ಇಂದು ಕೈತಪ್ಪಿತಲ್ಲಾ ಎಂದು ಮರುಗುತ್ತಾರೆ. ಇನ್ನೊಂದು ಪಕ್ಷದವರು, ಗ್ರಂಥವು ರಾಷ್ಟ್ರಕೂಟ ಚಕ್ರವರ್ತಿಯ ಆಸ್ಥಾನದಲ್ಲಿ ಹುಟ್ಟಿದುದರಿಂದ, ಇದು ಪ್ರಭುವಿನ ಹಿರಿಮೆಯನ್ನು ಸೂಚಿಸುವ ಅತಿಶಯೋಕ್ತಿಯೆನ್ನುತ್ತಾರೆ. ಎರಡು ಪಕ್ಷದವರೂ ಪದ್ಯವನ್ನು ಓದಿರುವರು. ಪದ್ಯವು ಯಾವ ನೆಲವನ್ನು ಕುರಿತು ಹೇಳುತ್ತದೆಯೋ ಆ ನೆಲವನ್ನು ವಿಚಾರಿಸಿದಂತೆ ತೋರುವುದಿಲ್ಲ.

ಪದ್ಯದಲ್ಲಿ ನದಿಗಳ ಹೆಸರುಗಳಿಗಿಂತ ಹೆಚ್ಚು ತೊಡಕಿನದು ‘ತನಕ’ ಎಂಬ ಅರ್ಥವನ್ನು ಕೊಡುವ ಮಾತು. ಸಂಸ್ಕೃತ ವೈಯಾಕರಣರು ಇಂಥ ಮಾತಿಗೆ ಮರ್ಯಾದೆ, ಅಭಿವಿಧಿ ಎಂದು ಎರಡು ಅರ್ಥಗಳನ್ನು ಹೇಳಿರುವರು. ಹೆಸರಿಸಿದ ಮೇರೆಯನ್ನು ಬಿಟ್ಟು ಅದರ ಈಚಿನದನ್ನು ಮಾತ್ರ ಹಿಡಿದರೆ ಮರ್ಯಾದೆ. ಮೇರೆಯನ್ನೂ ಒಳಗೊಂಡರೆ ಅಭಿವಿಧಿ. ಹಾಗಾದರೆ ಗೋದಾವರಿಯು ನಾಡಿನ ಒಳಗೋ ಹೊರಗೋ? ನದಿಯನ್ನು ಒಂದು ಗೆರೆಯೆಂದು ಭಾವಿಸುವವರೆಗೆ ಈ ಪ್ರಶ್ನೆಗೆ ದಡವನ್ನು ನೋಡಿ ಉತ್ತರ ಹೇಳಬೇಕಾಗುವುದು. ಆದರೆ ತನಗೆ ನೀರೊದಗಿಸುವ ಹಳ್ಳಕೊಳ್ಳಗಳನ್ನೂ ಇಳಿಜಾರುಗಳನ್ನೂ ಬಿಟ್ಟು ನದಿಯೆಂಬುದು ಬೇರೆಯಿಲ್ಲ. ಅವೆಲ್ಲವೂ ಕೂಡಿದ ಒಂದು ಜಲಕ್ಷೇತ್ರವೇ ನದಿ. ಇಂದಿನ ಕರ್ಣಾಟಕದಲ್ಲಿ ಗೋದಾವರಿಯ ಜಲಕ್ಷೇತ್ರಕ್ಕೆ ಸೇರಿದ ನೆಲವು ಸುಮಾರು 4,400 ಚದರ ಕಿಲೋಮೀಟರು. ಕೃಷ್ಣೆಯದು 1,13,000 ಚದರ ಕಿಲೋಮೀಟರಿಗಿಂತ ಹೆಚ್ಚು. ಆ ಚಿಕ್ಕ ಪಾಲು ಬಹುಮಟ್ಟಿಗೆ ಬೀದರ ಜಿಲ್ಲೆಯೊಂದರಲ್ಲಿಯೇ ಇರುವುದು. ಪದ್ಯದ ಉತ್ತರದ ಮೇರೆಯನ್ನು ಪರೀಕ್ಷಿಸಲು ಈ ಜಿಲ್ಲೆಗಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲ.

ಬೀದರ ಪಟ್ಟಣವು ಸಮುದ್ರಮಟ್ಟಕ್ಕಿಂತ 2,000 ಅಡಿಗಿಂತ ಹೆಚ್ಚು ಎತ್ತರದಲ್ಲಿ, ಕೆಂಪು ಕಲ್ಲಿನ ಪ್ರಸ್ಥಭೂಮಿಯೊಂದರ ಅಂಚಿನಲ್ಲಿ ನಿಂತಿದೆ. ಕೋಟೆಯ ಉತ್ತರದ ಗೋಡೆಯ ಬಳಿ ನಿಂತವನಿಗೆ ನೆಲವು ಥಟ್ಟನೆ ತಗ್ಗಿ, ಕೆಳಗೆ ಮಾಂಜ್ರಾ ನದಿಯ ಬಯಲು ಕಾಣುವುದು. ಭಾಲ್ಕಿ, ಔರಾದ ತಾಲೂಕುಗಳು ಈ ನದಿಯ ಎರಡು ಪಕ್ಕಗಳಲ್ಲಿ ಹರಡಿವೆ. ಮಾಂಜ್ರಾ ಬೀಡ ಜಿಲ್ಲೆಯ ಬಾಲಾಘಾಟದಲ್ಲಿ ಹುಟ್ಟಿ, ಆಗ್ನೇಯಕ್ಕೆ ಹರಿದು, ಲಾತೂರು ಮತ್ತು ಬೀದರ ಸೀಮೆಗಳನ್ನು ದಾಟಿ ತೆಲಂಗಾಣವನ್ನು ಹೊಗುತ್ತದೆ; ಅಲ್ಲಿ ಉತ್ತರಕ್ಕೆ ತಿರುಗಿ ಕಂದಕುರ್ತಿಯ ಬಳಿ ಗೋದಾವರಿಯನ್ನು ಕೂಡುತ್ತದೆ. ಭಾಲ್ಕಿ ತಾಲೂಕಿನಲ್ಲಿ ಅಣೆಕಟ್ಟು ಕಟ್ಟಿರುವ ಕಾರಂಜಾ ಹೊಳೆಯೂ ಮಾಂಜ್ರಾದ ಉಪನದಿಯೇ. ಇತ್ತ ಬಸವಕಲ್ಯಾಣದ ಕಡೆಯ ಎತ್ತರದ ನೆಲದಲ್ಲಿ ಹುಟ್ಟುವ ಮುಲ್ಲಾಮಾರಿಯು ದಕ್ಷಿಣಕ್ಕಿಳಿದು ಕಾಗಿಣಾ ನದಿಯನ್ನೂ, ಅದರ ಮೂಲಕ ಭೀಮೆಯನ್ನೂ, ಕಡೆಗೆ ಕೃಷ್ಣೆಯನ್ನೂ ಸೇರುತ್ತದೆ. ಹೀಗೆ ಒಂದೇ ಜಿಲ್ಲೆಯ ಎತ್ತರದ ನೆಲದಲ್ಲಿ ಮಳೆಯ ನೀರು ಎರಡು ಮಹಾನದಿಗಳಿಗೆ ಪಾಲಾಗುತ್ತದೆ.

ಈ ಎತ್ತರ ಹೇಗಾಯಿತು? ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸವು ಪದರದ ಮೇಲೆ ಪದರವಾಗಿ ಹರಡಿ ಹೆಪ್ಪುಗಟ್ಟಿತು. ಅದರಿಂದಾದ ಕಪ್ಪು ಬಸಾಲ್ಟ್ ಶಿಲೆಯು ಇಂದಿಗೂ ದಖ್ಖನಿನಲ್ಲಿ ಸುಮಾರು 5 ಲಕ್ಷ ಚದರ ಕಿಲೋಮೀಟರುಗಳನ್ನು ಆವರಿಸಿದೆ. ಸವೆದ ಪದರಗಳು ಮೆಟ್ಟಿಲಿನಂತೆ ತೋರುವುದರಿಂದ, ಮೆಟ್ಟಿಲೆಂಬ ಅರ್ಥದ ಸ್ವೀಡಿಷ್ ಮಾತಿನ ಮೇಲೆ ಇದಕ್ಕೆ ಟ್ರ್ಯಾಪ್ ಎಂಬ ಹೆಸರು ಬಂದಿತು. ಬಳಿಕ ಬಹು ದೀರ್ಘವಾದ ಕಾಲ ಬಿಸಿಯೂ ತೇವವೂ ಕೂಡಿದ ಹವೆಯಲ್ಲಿ ಮೇಲಿನ ಕಲ್ಲು ಕೊಳೆಯಿತು. ಸುಣ್ಣ, ಮೆಗ್ನೀಸಿಯಂ, ಸಿಲಿಕಾ ಮುಂತಾದುವು ನೀರಿನಲ್ಲಿ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಅಂಶವು ಉಳಿಯಿತು. ಹೀಗುಳಿದುದೇ ಬೀದರಿನ ಕೆಂಪು ಕಲ್ಲು. ಫ್ರಾನ್ಸಿಸ್ ಬುಕಾನನ್ನನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಮಲಬಾರಿನ ಅಂಗಾಡಿಪುರದ ಕಲ್ಲನ್ನು ವರ್ಣಿಸುತ್ತ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟನು. ಕನ್ನಡದ ಜಂಬಿಟ್ಟಿಗೆಯೆಂಬ ಹೆಸರಿನಲ್ಲಿಯೂ ಇಟ್ಟಿಗೆಯೇ ಇದೆಯೆಂಬುದು ಗಮನಾರ್ಹ.

ಅಗೆದಾಗ ಮೆದುವಾಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವುದು ಈ ಕಲ್ಲಿನ ಗುಣ. ಅದು ತಲೆಯ ಮೇಲೆ ಮುಚ್ಚಳದಂತೆ ಕುಳಿತು ಕೆಳಗಿನ ಕೊಳೆತ ಶಿಲೆಯನ್ನು ಕಾಪಾಡುತ್ತದೆ; ಮುಚ್ಚಳವಿಲ್ಲದೆಡೆ ನೆಲ ಬೇಗ ಸವೆದು ತಗ್ಗಾಗುತ್ತದೆ. ಆದರೆ ಮುಚ್ಚಳವೂ ಶಾಶ್ವತವಲ್ಲ. ರಂಧ್ರಮಯವಾದ ಜಂಬಿಟ್ಟಿಗೆಯೊಳಗೆ ಇಂಗಿದ ಮಳೆನೀರು ಕೆಳಗಿನ ಜಿಗುಟಾದ ಪದರದ ಮೇಲೆ ತಡೆದು, ಪ್ರಸ್ಥಭೂಮಿಯ ಅಂಚಿನಲ್ಲಿ ಬುಗ್ಗೆಯಾಗಿ ಹೊರಬೀಳುತ್ತದೆ. ನಾನಕ ಝೀರಾ, ಪಾಪನಾಶ ಮೊದಲಾದ ಬೀದರಿನ ತೀರ್ಥಗಳು ಇಂಥ ಒಸರುಗಳು. ಬಹಮನಿಯರ ಕಾಲದ ಸುರಂಗಬಾವಿಯು ಇದೇ ನೀರನ್ನು ನೆಲದೊಳಗಿನ ಕಾಲುವೆಯಿಂದ ಸಾಗಿಸುವ ಉಪಾಯ. ಜನರಿಗೆ ನೀರು ಕೊಡುವ ಈ ಒಸರೇ ಅಂಚಿನ ಬುಡವನ್ನು ಸಡಿಲಿಸುತ್ತದೆ. ಆಧಾರ ತಪ್ಪಿದ ಬಂಡೆ ಕಳಚಿ ಬೀಳುತ್ತದೆ. ಅಂಚು ಹಿಂದಕ್ಕೆ ಸರಿಯುತ್ತದೆ. ಉತ್ತರದಿಂದ ಮಾಂಜ್ರಾದ ಹಳ್ಳಗಳು, ದಕ್ಷಿಣದಿಂದ ಮುಲ್ಲಾಮಾರಿಯ ಹಳ್ಳಗಳು ಹೀಗೆ ತಲೆಯ ಕಡೆಗೆ ಕೊರೆಯುತ್ತ ಬರುವಾಗ, ಅವುಗಳ ನಡುವಣ ನೀರ್ದಾರಿಯ ಏಣು ಯಾವ ಕಡೆ ಕೊರೆತ ಹೆಚ್ಚೋ ಅದಕ್ಕೆದುರು ಕಡೆಗೆ ಸರಿಯಲೇಬೇಕು. ಕೆಳಗೆ ಭಾಲ್ಕಿ, ಔರಾದಗಳ ಬಯಲಿನಲ್ಲಿ ಅದೇ ಬಸಾಲ್ಟ್ ಬೇರೊಂದು ರೀತಿಯಲ್ಲಿ ಮಾಗಿ ಎರೆಮಣ್ಣಾಗಿದೆ. ಮೇಲಿನ ಕೆಂಪೂ ಕೆಳಗಿನ ಕಪ್ಪೂ ಒಂದೇ ತಾಯಿಕಲ್ಲಿನ ಮಕ್ಕಳು. ಕಾಲವೂ ನೀರಿನ ನಡೆಯೂ ಬೇರೆಯಾದುದರಿಂದ ಬಣ್ಣ ಬೇರೆಯಾಯಿತು.

ಇಂಥ ನೆಲವನ್ನು ಓದುವುದರಲ್ಲಿಯೂ ಪಾಠಭೇದವುಂಟು. ಸಹ್ಯಾದ್ರಿಯ ನೆತ್ತಿಯ ಮೇಲಿರುವ ಕೆಂಪು ಕಲ್ಲಿನ ಹಾಸುಗಳನ್ನು ಕುರಿತು, ಅವು ಒಂದು ಕಾಲಕ್ಕೆ ಅಖಂಡವಾಗಿದ್ದ ಹೊದಿಕೆಯ ಅವಶೇಷಗಳು, ಲಾವಾರಾಶಿಯ ಮೂಲದ ಮೇಲ್ಮೈಯನ್ನೇ ತೋರಿಸುವುವು ಎಂಬ ಮತವು ಬಹುಕಾಲ ಮಾನ್ಯವಾಗಿತ್ತು. ವಿಡೋಸನ್ ಮತ್ತು ಕಾಕ್ಸ್ ಅವರ 1996ರ ಲೇಖನವು ಆ ಪಕ್ಷದ್ದು. 2008ರಲ್ಲಿ ಆಲಿಯರ್ ಮತ್ತು ಶೇಠ್ ಇದನ್ನು ಆಕ್ಷೇಪಿಸಿದರು. ಹಾಸುಗಳು ನಕ್ಷೆಯಲ್ಲಿ ಹರಡಿರುವ ರೀತಿಯನ್ನು ನೋಡಿದರೆ, ಅವು ಪ್ರಾಚೀನ ನದಿಗಳ ಜಾಡಿನಲ್ಲಿ ಗಟ್ಟಿಗೊಂಡವು. ಸುತ್ತಲಿನ ಮೆದು ನೆಲ ಸವೆದುದರಿಂದ ಅಂದಿನ ತಗ್ಗು ಇಂದಿನ ನೆತ್ತಿಯಾಯಿತು ಎಂಬುದು ಅವರ ವಾದ. ಬೀದರಿನ ಜಂಬಿಟ್ಟಿಗೆಯನ್ನೇ ಪರೀಕ್ಷಿಸಿ 2004ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಅದರಲ್ಲಿರುವ ಸ್ಟ್ರಾನ್ಷಿಯಂ ಧಾತುವೆಲ್ಲವೂ ತಾಯಿಕಲ್ಲಿನದಲ್ಲ, ಗಾಳಿ ತಂದ ಧೂಳಿನದೂ ಇದೆಯೆಂದು ತೋರಿಸಿತು. ಮೂಲವೆಂದು ತೋರುವುದರಲ್ಲಿ ಪ್ರಕ್ಷಿಪ್ತವಿರಬಹುದು. ನೆತ್ತಿಯಲ್ಲಿರುವುದು ಒಮ್ಮೆ ತಗ್ಗಿನದಾಗಿರಬಹುದು. ಇಂದಿನ ರೂಪವನ್ನು ಅಂದಿಗೂ ಇದ್ದುದೆಂದು ಎಣಿಸುವುದು ಶಿಲೆಯ ವಿಚಾರದಲ್ಲಿ ಹೇಗೋ ಗ್ರಂಥದ ವಿಚಾರದಲ್ಲಿಯೂ ಹಾಗೆಯೇ ದೋಷಕರ.

ಈ ದೃಷ್ಟಿಯಿಂದ ನೋಡಿದರೆ ಪದ್ಯದ ಎರಡು ಪ್ರಚಲಿತ ವ್ಯಾಖ್ಯಾನಗಳೂ ನಿಲ್ಲುವುದಿಲ್ಲ. ಮೊದಲು ಅತಿಶಯೋಕ್ತಿಯ ಪಕ್ಷ. ಅಮೋಘವರ್ಷನ ರಾಜಧಾನಿಯಾದ ಮಾನ್ಯಖೇಟವು ಕಾಗಿಣಾ ನದಿಯ ದಡದ ಮಳಖೇಡ. ಅಲ್ಲಿಂದ ನೇರವಾಗಿ ಉತ್ತರಕ್ಕೆ ಸುಮಾರು 100 ಕಿಲೋಮೀಟರು ನಡೆದರೆ ಮಾಂಜ್ರಾ ಸಿಕ್ಕುವುದು. ಗೋದಾವರಿಯ ಜಲಕ್ಷೇತ್ರವು ಅದಕ್ಕೂ ಈಚೆಯೇ ಮೊದಲಾಗುವುದು. ಲಾತೂರು, ನಾಂದೇಡ ಜಿಲ್ಲೆಗಳಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ದೊರೆತಿವೆ. ಆಸ್ಥಾನದ ಬಾಗಿಲಿಗೆ ಇಷ್ಟು ಸಮೀಪವಾದ ನದಿಯನ್ನು ಹೆಸರಿಸಲು ಕವಿಗೆ ಅತಿಶಯೋಕ್ತಿಯ ಅಗತ್ಯವಿರಲಿಲ್ಲ.

ಗಡಿರೇಖೆಯ ಪಕ್ಷವೂ ಇಷ್ಟೇ ದುರ್ಬಲ. ರಾಜ್ಯದ ಗೆರೆಗಳು ಈ ಸೀಮೆಯಲ್ಲಿ ಎಷ್ಟು ಸಲ ಅಳಿಸಿ ಬರೆಯಲ್ಪಟ್ಟಿವೆಯೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಯು ಒಡೆದು, ಬೀದರ, ಭಾಲ್ಕಿ, ಔರಾದಗಳು ಮೈಸೂರಿಗೂ, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೂ, ಉಳಿದ ಕೆಲವು ಭಾಗ ಆಂಧ್ರಕ್ಕೂ ಸೇರಿದುವು. ಅಂದು ಮಾಂಜ್ರಾದ ಒಂದು ಹಳ್ಳವೂ ದಾರಿ ಬದಲಿಸಲಿಲ್ಲ. ನೀರ್ದಾರಿಯ ಏಣು ಸರಿಯುವುದು ನಿಜವಾದರೂ ಅದರ ನಡೆ ಲಕ್ಷಾಂತರ ವರ್ಷಗಳ ಲೆಕ್ಕದ್ದು. ಪದ್ಯ ಹುಟ್ಟಿ ಕಳೆದಿರುವ ಸುಮಾರು 1,170 ವರ್ಷಗಳು ಅದಕ್ಕೆ ಗಣನೀಯವಲ್ಲ. ಅರಸುಗಳ ಗೆರೆಗಿಂತ ನದಿ ಸ್ಥಿರ, ನದಿಗಿಂತ ಶಿಲೆ ಸ್ಥಿರ, ಶಿಲೆಯೂ ಅಸ್ಥಿರ. ನಾಡನ್ನು ಅರಸನ ಕೋಟೆಗಳಿಂದಲ್ಲದೆ ನದಿಗಳಿಂದ ಅಳೆದ ಕವಿಯು ಮಾನವನ ಎಣಿಕೆಗೆ ಒದಗುವ ಅಳತೆಗಳಲ್ಲಿ ಬಾಳಿಕೆಯದನ್ನು ಆರಿಸಿಕೊಂಡನೆಂದು ಹೇಳಬಹುದು.

ಇಲ್ಲಿ ಒಂದು ಆಕ್ಷೇಪವು ಬರಬಹುದು: ಒಂಬತ್ತನೆಯ ಶತಮಾನದ ಆಲಂಕಾರಿಕನಿಗೆ ಜಲಕ್ಷೇತ್ರದ ಕಲ್ಪನೆಯನ್ನು ಆರೋಪಿಸುವುದು ಯುಕ್ತವೇ? ಯುಕ್ತವಲ್ಲ. ಕವಿಯು ನದಿಯ ಹೆಸರನ್ನು ಹೇಳಿದನು, ಭೂವಿಜ್ಞಾನವನ್ನು ಹೇಳಲಿಲ್ಲ. ಆದರೆ ಕವಿಗೆ ತಿಳಿಯದುದನ್ನು ಅವನಿಗೆ ಆರೋಪಿಸುವುದು ಬೇರೆ, ಅವನು ಹೇಳಿದುದನ್ನು ತಿಳಿದ ಸಂಗತಿಗಳಿಂದ ಪರೀಕ್ಷಿಸುವುದು ಬೇರೆ. ಮುಂದಿನ ಪದ್ಯದಲ್ಲಿ ಕನ್ನಡದ ತಿರುಳೆಂದು ಅವನು ಹೆಸರಿಸುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳು ನಾಲ್ಕೂ ಕೃಷ್ಣೆಯ ಜಲಕ್ಷೇತ್ರದೊಳಗೆ ಇರುವುವು. ಆ ಕೃಷ್ಣೆಯ ಹೆಸರು ಮೇರೆಯ ಪದ್ಯದಲ್ಲಿಲ್ಲ. ತಿರುಳು ನಡುವಣ ನದಿಯ ನೆಲದಲ್ಲಿ, ಅಂಚು ಎರಡು ಹೊರನದಿಗಳಲ್ಲಿ ಎಂಬ ಈ ವ್ಯವಸ್ಥೆಯು ಉದ್ದಿಷ್ಟವೋ ಅಲ್ಲವೋ, ನೆಲಕ್ಕೆ ಒಪ್ಪುವಂತಿದೆ.

ಹಾಗಾದರೆ ಗೋದಾವರಿಯು ಒಳಗೋ ಹೊರಗೋ ಎಂಬ ಪ್ರಶ್ನೆಗೆ, ಅಭಿವಿಧಿಯೇ ಸರಿಯೆಂದು ಬೀದರಿನ ನೆಲವು ಸೂಚಿಸುತ್ತದೆ. ಆದರೆ ಅದು ನದಿಯ ಮೇಲೆ ಹಕ್ಕನ್ನು ಸಾಧಿಸುವ ಅಭಿವಿಧಿಯಲ್ಲ. ಮಹಾರಾಷ್ಟ್ರದಲ್ಲಿ ಹುಟ್ಟಿ, ಕನ್ನಡದ ನೆಲವನ್ನು ತೊಯ್ದು, ತೆಲುಗು ನಾಡಿನಲ್ಲಿ ಕೊನೆಮುಟ್ಟುವ ಮಾಂಜ್ರಾ ಯಾವ ಒಂದು ಭಾಷೆಯದೂ ಅಲ್ಲ. ತರಗತಿಯಲ್ಲಿ ಈ ಪದ್ಯವನ್ನು ವಿವರಿಸುವ ಅಧ್ಯಾಪಕರು, ಕಳೆದುಹೋದ ಗಡಿಯ ಮಾತನ್ನಾಗಲಿ ಕವಿಯ ಉತ್ಪ್ರೇಕ್ಷೆಯ ಮಾತನ್ನಾಗಲಿ ಹೇಳುವ ಮೊದಲು, ನಕ್ಷೆಯಲ್ಲಿ ಔರಾದವನ್ನು ತೋರಿಸಿದರೆ ಸಾಕು. ಅಲ್ಲಿಯ ಎರೆಹೊಲದ ಮೇಲೆ ಬಿದ್ದು ಹಳ್ಳ ಹಿಡಿದ ಮಳೆನೀರು ಇಂದಿಗೂ ಕಂದಕುರ್ತಿಯ ಕಡೆಗೇ ಹರಿಯುತ್ತದೆ.