ಹೋಗುವಾಗಲ್ಲ, ಬರುವಾಗ ನೋಡ್ರಿ

ಸವದತ್ತಿ, ರಾಮದುರ್ಗದ ಕಡೆ ಹೊನಲು ಬೆಳಕಿನ ಕಬಡ್ಡಿ ನಡೆಯುವ ಊರುಗಳಲ್ಲಿ ಮೈಕು ಹಿಡಿದವನ ಕಣ್ಣಿಗೆ ಒಬ್ಬ ಒಳ್ಳೆಯ ರೇಡರ್ ಬಿದ್ದರೆ ಮುಗೀತು. ಎರಡನೇ ಪಂದ್ಯ ಮುಗಿಯುವುದರೊಳಗೆ ಆ ಹುಡುಗನನ್ನು ಪ್ರೊ ಕಬಡ್ಡಿಗೆ ಕಳಿಸಿಯೇಬಿಡುತ್ತಾನೆ. "ಮುಂದಿನ ವರ್ಷ ಈ ಹುಡುಗನ್ನ ನೀವು ಟಿವ್ಯಾಗ ನೋಡ್ತೀರಿ!" ಸಿಳ್ಳೆ ಬೀಳುತ್ತವೆ, ಊರಿನ ಹಿರಿಯರೊಬ್ಬರು ಎದ್ದು ಬಂದು ಹುಡುಗನ ಕೈಗೆ ನೋಟು ತುರುಕುತ್ತಾರೆ. ಮುಂದಿನ ವರ್ಷ ಆ ಹುಡುಗ ಅದೇ ಅಂಗಳದಲ್ಲಿ ಆಡುತ್ತಿರುತ್ತಾನೆ. ಮೈಕಿನವನ ಬಾಯಲ್ಲಿ ಬೇರೆ ಹುಡುಗನ ಹೆಸರು ಇರುತ್ತದೆ.

ಮೈಕಿನವನನ್ನು ಬೈಯುವುದು ನನ್ನ ಉದ್ದೇಶವಲ್ಲ. ಅವನು ನೋಡಿದ್ದು ಸುಳ್ಳಲ್ಲ, ನೋಡಬೇಕಾದ್ದನ್ನು ನೋಡಲಿಲ್ಲ ಅಷ್ಟೇ. ಬೈಲಹೊಂಗಲ, ಕಿತ್ತೂರು ಸೀಮೆ ಕುಸ್ತಿಯ ಸೀಮೆ. ಗರಡಿಮನೆ ಇರದ ಊರಿನಲ್ಲೂ ಕುಸ್ತಿಯ ಕಣ್ಣು ಇರುತ್ತದೆ. ಕಿತ್ತೂರು ಉತ್ಸವದಲ್ಲಿ ಕುಸ್ತಿಗೆ ಸೇರುವ ಮಂದಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಣ್ಣಿಗೆ ಮೊದಲು ಕಾಣುವುದು ತಾಕತ್ತು. ಮೂರು ಮಂದಿ ತೊಡೆ, ಸೊಂಟ, ಕಾಲು ಹಿಡಿದು ಜೋತಾಡುತ್ತಿದ್ದರೂ ಎಳೆದುಕೊಂಡು ಬಂದು ಮಧ್ಯರೇಖೆಗೆ ಬೆರಳು ತಾಗಿಸುವ ಹುಡುಗ ನಮ್ಮವರ ಪಾಲಿಗೆ ದೊಡ್ಡ ಆಟಗಾರ. ನನಗೂ ಆ ನೋಟ ಖುಷಿ ಕೊಡುತ್ತದೆ. ಆದರೆ ಅವನನ್ನು ಪ್ರೊ ಕಬಡ್ಡಿ ಹರಾಜಿನ ಕಣ್ಣಿನಿಂದ ಅಳೆಯುವಾಗ ನನ್ನ ಮೊದಲ ಪ್ರಶ್ನೆ ಬೇರೆ: ಮೂರು ಮಂದಿಯ ಕೈಗೆ ಇವನು ಸಿಕ್ಕಿದ್ದಾದರೂ ಯಾಕೆ?

ಕಾಲೇಜು ಮಟ್ಟದಲ್ಲಿ ಮೂವರನ್ನು ಎಳೆದು ತರಬಹುದು. ಎದುರಿಗೆ ಮೂಲೆ ಕಾಯುವ ಕಾರ್ನರ್ ಹುಡುಗ ಅರವತ್ತು ಕೆಜಿಯವನು, ನಿನ್ನೆ ಮೊನ್ನೆ ಆಂಕಲ್ ಹೋಲ್ಡ್ ಕಲಿತವನು. ಪ್ರೊ ಕಬಡ್ಡಿಯಲ್ಲಿ ಆಟಗಾರನ ತೂಕಕ್ಕೆ ಇರುವ ಮಿತಿ 85 ಕೆಜಿ. ಅಲ್ಲಿನ ಕಾರ್ನರ್ ಒಮ್ಮೆ ಕಾಲು ಹಿಡಿದನೆಂದರೆ ಪಕ್ಕದ ಇಬ್ಬರು ಮೇಲೆ ಬೀಳಲು ಅರೆಗಳಿಗೆ ಸಾಕು, ಎಳೆದಾಟಕ್ಕೆ ಪುರುಸೊತ್ತೇ ಇರುವುದಿಲ್ಲ. ಅಲ್ಲಿ ಉಳಿಯುವವನು ಸಿಕ್ಕಿಬಿದ್ದು ಬಿಡಿಸಿಕೊಳ್ಳುವವನಲ್ಲ, ಸಿಗದೇ ಬರುವವನು. ಆದ್ದರಿಂದ ರೇಡರ್ ಒಳಗೆ ಹೋಗುವುದನ್ನು ಎಲ್ಲರೂ ನೋಡಲಿ, ನೀವು ಅವನು ಹಿಂದಕ್ಕೆ ಬರುವುದನ್ನು ನೋಡ್ರಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಬೈಲಹೊಂಗಲ ತಾಲೂಕಿನ ಒಂದೂರಿನಲ್ಲಿ ಈಚೆಗೆ ನೋಡಿದ ಒಂದು ರೇಡು ಹೇಳುತ್ತೇನೆ. ಹುಡುಗ ಬಿ.ಎ. ಎರಡನೇ ವರ್ಷದವನು, ಸಪೂರ ಮೈ, ಉದ್ದ ಕೈ. ಎದುರಿಗೆ ಆರು ಮಂದಿ, ಅಂದರೆ ಬೋನಸ್ ಇದೆ. ಬಾಕ್ ಲೈನ್ ದಾಟಿ ತನ್ನ ಎಡಕ್ಕಿದ್ದ ಕಾರ್ನರ್ ಕಡೆ ಸರಿದ. ಹಿಮ್ಮಡಿ ನೆಲಕ್ಕೆ ತಾಗಿರಲಿಲ್ಲ, ಮೈಭಾರವೆಲ್ಲ ಹಿಂಗಾಲಿನ ಮೇಲಿತ್ತು. ಮುಂಗಾಲು ಎತ್ತಿ ಬೋನಸ್ ಗೆರೆಯತ್ತ ತೋರಿಸಿದ. ಕಾರ್ನರ್ ಅರ್ಧ ಹೆಜ್ಜೆ ಮುಂದೆ ಬಂದ, ಪಕ್ಕದ ಕವರ್ ಮಾತ್ರ ಅಲ್ಲಾಡಲಿಲ್ಲ. ಹುಡುಗ ಕಾಲು ತೋರಿಸಿದ್ದು ಕಾರ್ನರ್‌ಗೆ, ಅವನ ಕಣ್ಣು ಇದ್ದದ್ದು ಆ ಕವರ್ ಮೇಲೆ. ಅಲುಗಾಡದ ಕವರ್ ಎಂದರೆ ಡ್ಯಾಶ್ ಹೊಡೆಯಲು ಕಾದು ನಿಂತವನು. ಹುಡುಗ ಇನ್ನೊಮ್ಮೆ ಕಾಲು ತೋರಿಸಿ, ಎದೆಯನ್ನು ಎದುರಾಳಿಗಳ ಕಡೆಯೇ ಇಟ್ಟುಕೊಂಡು ಹಿಂದೆ ಸರಿದು ಮಧ್ಯರೇಖೆ ದಾಟಿದ. ಮೂವತ್ತು ಸೆಕೆಂಡಿಗೆ ಸೊನ್ನೆ. "ಏ, ಮುಟ್ಟಿ ಬಾರೋ, ಪ್ಯಾಟಿ ತಿರಗಾಕ ಹೋಗಿದ್ದೇನ?" ಎಂದು ಗ್ಯಾಲರಿಯಿಂದ ಒಬ್ಬ ಕೂಗಿದ. ಗ್ಯಾಲರಿ ಎಂದರೆ ಎರಡು ಟ್ರ್ಯಾಕ್ಟರ್ ಟ್ರೇಲರ್.

ತಂಡದ ಮುಂದಿನ ರೇಡೂ ಖಾಲಿ. ಮೂರನೆಯದು ಡೂ ಆರ್ ಡೈ, ಮುಟ್ಟದೆ ಬಂದರೆ ಔಟ್. ಮತ್ತೆ ಇವನೇ ಹೋದ. ಅದೇ ಮೂಲೆ, ಅದೇ ಕಾಲು. ಈ ಸಲ ಕವರ್ ತಡೆಯಲಾರದೆ ನುಗ್ಗಿದ. ಹುಡುಗ ಅದಕ್ಕೇ ಕಾದಿದ್ದ. ಭುಜಕ್ಕೆ ಬೆರಳು ತಾಗಿಸಿ ಪಕ್ಕಕ್ಕೆ ಸರಿದ. ನುಗ್ಗಿದವನು ಗಾಳಿಯನ್ನು ಅಪ್ಪಿಕೊಂಡು ಲಾಬಿಯಲ್ಲಿ ಬಿದ್ದ. ಟ್ರೇಲರಿನ ಮೇಲಿನವರು ಆ ಒಂದು ಅಂಕಕ್ಕೆ ಕುಣಿದರು. ನನ್ನ ವಹಿಯಲ್ಲಿ ಗೆರೆ ಎಳೆದದ್ದು ಹಿಂದಿನ ಖಾಲಿ ರೇಡಿನ ಕೆಳಗೆ.

ನಮ್ಮ ಕಡೆಯ ಪಂದ್ಯಗಳ ಸ್ಕೋರ್ ಪುಸ್ತಕದಲ್ಲಿ ಖಾಲಿ ರೇಡಿಗೆ ಒಂದು ಚುಕ್ಕೆ ಇಡುತ್ತಾರೆ, ಅದರಾಚೆ ಏನೂ ಇಲ್ಲ. ಹತ್ತು ಅಂಕ ತಂದವನಿಗೆ ಹತ್ತು, ಸರಿ. ಆದರೆ ಆ ಹತ್ತು ಬಂದದ್ದು ಎದುರಿಗೆ ಏಳು ಮಂದಿ ನಿಂತಾಗಲೋ, ಮೂವರು ಉಳಿದಾಗಲೋ? ಬೋನಸ್ ಎಷ್ಟು, ಟಚ್ ಎಷ್ಟು? ಮುಟ್ಟಿದ್ದು ಕಾರ್ನರನ್ನೋ, ಮಧ್ಯದಲ್ಲಿ ಸುಮ್ಮನೆ ನಿಂತ ಹೊಸ ಹುಡುಗನನ್ನೋ? ಎಷ್ಟು ಸಲ ಔಟಾಗಿ ಹೊರಗೆ ಕೂತ? ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಹನ್ನೆರಡು ಅಂಕ ತಂದು ಆರು ಸಲ ಸಿಕ್ಕಿಬಿದ್ದವನಿಗಿಂತ ಎಂಟು ತಂದು ಒಂದೇ ಸಲ ಸಿಕ್ಕಿಬಿದ್ದವನು ನನಗೆ ಹೆಚ್ಚು. ಮುಖ್ಯ ರೇಡರ್ ಹೊರಗೆ ಕೂತಷ್ಟು ಹೊತ್ತು ತಂಡ ಕುಂಟುತ್ತದೆ, ಆಲ್ ಔಟ್ ಬರುವುದೇ ಆಗ. ಪ್ರೊ ಕಬಡ್ಡಿ ಅಂಕಿಅಂಶಗಳಲ್ಲಿ ಔಟಾಗದೆ ಬಂದ ರೇಡುಗಳ ಶೇಕಡಾವಾರಿಗೆ ಬೇರೆಯದೇ ಅಂಕಣವಿದೆ. ತಾಲೂಕು ಮಟ್ಟದ ಪಂದ್ಯಗಳಲ್ಲೂ ಒಂದು ಗೆರೆ ಹೆಚ್ಚಿಗೆ ಹಾಕಿದರೆ ಖರ್ಚೇನೂ ಬರದು.

ಇನ್ನು ನೆಲದ ಮಾತು. ರಾಮದುರ್ಗ, ಸವದತ್ತಿಯ ಎರಿಭೂಮಿಯ ಕಡೆ ಅಂಗಳಕ್ಕೆ ಮಣ್ಣು ಹೊರಗಿನಿಂದ ತಂದು ಹಾಕಿ ಹದ ಮಾಡುತ್ತಾರೆ. ಬರಿಗಾಲಿನ ಬೆರಳು ಆ ಮಣ್ಣಿನಲ್ಲಿ ಊರಿ ನಿಲ್ಲುತ್ತವೆ, ಓಟಕ್ಕೆ ಒಂದು ಹಿಡಿತ ಸಿಗುತ್ತದೆ. ಮ್ಯಾಟ್ ಮೇಲೆ ಬೂಟು. ಅಲ್ಲಿ ತಿರುವು ಬೇಗ, ಮೊಣಕಾಲಿಗೆ ಪೆಟ್ಟೂ ಬೇಗ. ಮಣ್ಣಿನ ಮೇಲೆ ಹುಲಿಯಂತಿದ್ದ ಹುಡುಗರು ಮೊದಲ ಸಲ ಮ್ಯಾಟ್ ಮೇಲೆ ಬೂಟು ಹಾಕಿ ನಿಂತಾಗ ಹೆಜ್ಜೆ ಎಣಿಸುತ್ತ ಆಡುವುದನ್ನು ಕಂಡಿದ್ದೇನೆ. ಗರಡಿಯಿಂದ ಬಂದವರಿಗೆ ಇನ್ನೊಂದು ತೊಡಕು. ಕುಸ್ತಿಯಲ್ಲಿ ಪಾದ ಪೂರ್ತಿ ಊರಿ ನಿಲ್ಲುವುದು ರೂಢಿ, ರೇಡರ್ ಹಾಗೆ ನಿಂತರೆ ಕಾರ್ನರ್‌ಗೆ ಹಬ್ಬ. ನನ್ನನ್ನು ಕೇಳಿದರೆ ನಮ್ಮ ಗರಡಿ ಹುಡುಗರಲ್ಲಿ ಅರ್ಧ ಮಂದಿ ರೇಡ್ ಬಿಟ್ಟು ಡಿಫೆನ್ಸಿಗೆ ಬರಬೇಕು. ಆ ಕೈಹಿಡಿತ, ಆ ಕತ್ತು, ತೊಡೆಗೆ ಕೈ ಹಾಕುವ ಆ ಧೈರ್ಯ ಬೇರೆ ಕಡೆ ದುಡ್ಡು ಕೊಟ್ಟರೂ ಸಿಗದು. ಆದರೆ ರೇಡರ್‌ಗೆ ಸಿಳ್ಳೆ, ಡಿಫೆಂಡರ್‌ಗೆ ಮೊಣಕೈ ಗಾಯ. ಯಾರು ಕೇಳುತ್ತಾರೆ?

ತೂಕದ್ದೂ ಒಂದು ಕತೆ. ಜಾತ್ರೆಯ ಪಂದ್ಯಗಳು 55 ಕೆಜಿ, 65 ಕೆಜಿ ಎಂದು ವಿಭಾಗ ಮಾಡಿ ನಡೆಯುತ್ತವೆ. ತೂಕದ ಕಲ್ಲಿಗೆ ಇಳಿಯಬೇಕೆಂದು ಹುಡುಗರು ಎರಡು ದಿನ ರೊಟ್ಟಿ ಬಿಡುತ್ತಾರೆ, ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಓಡುತ್ತಾರೆ. ಹದಿನೆಂಟು, ಇಪ್ಪತ್ತರ ವಯಸ್ಸಿನಲ್ಲಿ ಮೈ ಬೆಳೆಯಬೇಕಾದಾಗ ಮೈ ಒಣಗಿಸುವ ಈ ಚಾಳಿ ಎಷ್ಟು ಜನರ ಆಟ ತಿಂದಿದೆಯೋ. ಹರಾಜಿಗೆ ನೋಡುವವರು ಇವತ್ತಿನ ತೂಕವನ್ನಷ್ಟೇ ನೋಡುವುದಿಲ್ಲ. ಎಲುಬಿನ ಚೌಕಟ್ಟು ಅಗಲವಿದ್ದು, ಇನ್ನೂ ಹತ್ತು ಕೆಜಿ ಹೊತ್ತರೂ ಕಾಲು ನಿಧಾನವಾಗದವನು ಅವರಿಗೆ ಬೇಕು.

ಅಮೆರಿಕದ ಫುಟ್‌ಬಾಲಿನಲ್ಲಿ ಇದೇ ಲೆಕ್ಕಾಚಾರಕ್ಕೆ ದೊಡ್ಡ ಸಂತೆಯೇ ನಡೆಯುತ್ತದೆ. ಚೆಂಡು ಹಿಡಿದು ಓಡುವ ವೈಡ್ ರಿಸೀವರ್ ಹುಡುಗರನ್ನು ಕಾಲೇಜಿನಿಂದ ಆರಿಸುವ ಮೊದಲು 40 ಗಜ ಓಡಿಸಿ ಗಡಿಯಾರ ಹಿಡಿಯುತ್ತಾರೆ. 2017ರಲ್ಲಿ ಜಾನ್ ರಾಸ್ ಎಂಬಾತ ಅದನ್ನು 4.22 ಸೆಕೆಂಡಿನಲ್ಲಿ ಓಡಿ ಅಂದಿನ ದಾಖಲೆ ಮಾಡಿದ, ಸಿನ್ಸಿನಾಟಿ ತಂಡ ಅವನನ್ನು ಒಂಬತ್ತನೆಯವನಾಗಿ ಆರಿಸಿತು. ಆ ವೇಗಕ್ಕೆ ತಕ್ಕ ಆಟ ಮುಂದೆ ಬರಲಿಲ್ಲ. 1985ರಲ್ಲಿ ಮಿಸಿಸಿಪ್ಪಿ ವ್ಯಾಲಿ ಸ್ಟೇಟ್ ಎಂಬ ಸಣ್ಣ ಕಾಲೇಜಿನಿಂದ ಬಂದ ಜೆರ್ರಿ ರೈಸ್ ಗಡಿಯಾರದ ಮುಂದೆ ಅಂಥ ವೇಗದವನಲ್ಲ. ದುರ್ಬಲ ತಂಡಗಳ ಎದುರು ಗಳಿಸಿದ ಅಂಕಿಗಳು ಎಂಬ ಅನುಮಾನ ಬೇರೆ. ಗೌಂಡಿ ಕೆಲಸದ ತಂದೆಯ ಜೊತೆ ಇಟ್ಟಿಗೆ ಹಿಡಿದು ಪಳಗಿದ ಕೈ ಅವನದು. ಹದಿನಾರನೆಯವನಾಗಿ ಆಯ್ಕೆಯಾಗಿ, ಆ ಸ್ಥಾನದಲ್ಲಿ ಆಡಿದವರಲ್ಲೇ ಶ್ರೇಷ್ಠ ಎನಿಸಿಕೊಂಡ.

ಸಣ್ಣ ಕಾಲೇಜಿನ ಅನುಮಾನ ನಮಗೂ ತಪ್ಪಿದ್ದಲ್ಲ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂನಂಥ ಕಾಲೇಜುಗಳ ಹುಡುಗ ದಿನವೂ ಮ್ಯಾಟ್ ಮೇಲೆ ತನ್ನಷ್ಟೇ ಗಟ್ಟಿ ಹುಡುಗರ ಎದುರು ಆಡುತ್ತಾನೆ. ಕರಾವಳಿಯಿಂದ ಸುಕೇಶ್ ಹೆಗ್ಡೆ, ಪ್ರಶಾಂತ್ ಕುಮಾರ್ ರೈ ಅವರಂಥ ರೇಡರ್‌ಗಳು ಬಂದದ್ದು ಅಂಥ ನೆಲದಿಂದ. 2010ರಲ್ಲಿ ಹುಟ್ಟಿದ ನಮ್ಮ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯದಲ್ಲಿ ಗಳಿಸಿದ ಇಪ್ಪತ್ತು ಅಂಕವನ್ನು ಅಲ್ಲಿನ ಅಂಕದ ಪಕ್ಕ ಇಟ್ಟು ತೂಗಲಾಗದು. ಹಾಗೆಂದು ತಳ್ಳಿಹಾಕಲೂ ಆಗದು. ನಾನು ನೋಡುವುದು ಹುಡುಗ ಯೂನಿವರ್ಸಿಟಿ ಬ್ಲೂ ಆಗಿ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋದಾಗ ಏನಾದ ಎಂಬುದನ್ನು. ತಮಿಳುನಾಡಿನ ಕಾರ್ನರ್‌ಗಳ ಎದುರು ನಾಲ್ಕೇ ಅಂಕ ತಂದಿರಲಿ ಪರವಾಗಿಲ್ಲ. ಮೊದಲರ್ಧದಲ್ಲಿ ಸಿಕ್ಕಿಬಿದ್ದ ರೀತಿಯಲ್ಲೇ ಎರಡನೆಯರ್ಧದಲ್ಲೂ ಸಿಕ್ಕಿಬಿದ್ದನೋ, ಇಲ್ಲವೋ?

ಇನ್ನೊಂದು ಮೋಸದ ಅಂಕಿ ಇದೆ. ಕಾಲೇಜು ತಂಡಕ್ಕೆ ಇವನೊಬ್ಬನೇ ರೇಡರ್, ಎರಡಕ್ಕೊಂದು ರೇಡು ಇವನದೇ. ದೊಡ್ಡ ತಂಡದಲ್ಲಿ ಇವನು ಮೂರನೆಯವನು, ಇಡೀ ಪಂದ್ಯಕ್ಕೆ ನಾಲ್ಕೋ ಐದೋ ಅವಕಾಶ, ಅದೂ ಬಹುಪಾಲು ಡೂ ಆರ್ ಡೈ. ಮೈ ತಣ್ಣಗಾದ ಮೇಲೆ ಎದ್ದು ಹೋಗಿ ಮುಟ್ಟಿ ಬರುವುದು ಬೇರೆಯದೇ ಕಸುಬು. ದುಡ್ಡು ಕೊಟ್ಟು ಆರಿಸುವವರೂ ಇಲ್ಲಿ ಎಡವುತ್ತಾರೆ. ಪ್ರದೀಪ್ ನರ್ವಾಲ್ 2015ರಲ್ಲಿ ಕಾಲಿಟ್ಟದ್ದು ಬೆಂಗಳೂರು ಬುಲ್ಸ್‌ನಲ್ಲೇ. ಅಲ್ಲಿ ಹೆಚ್ಚು ಅವಕಾಶ ಸಿಗಲಿಲ್ಲ. ಪಟ್ನಾಕ್ಕೆ ಹೋಗಿ 2017ರ ಒಂದೇ ಆವೃತ್ತಿಯಲ್ಲಿ 369 ರೇಡ್ ಅಂಕ ತೆಗೆದ, ಒಂದೇ ರೇಡಿನಲ್ಲಿ ಎಂಟು ಅಂಕ ತಂದ. ಬುಲ್ಸ್ ಅಭಿಮಾನಿಗಳ ಎದುರು ಇದನ್ನು ಜೋರಾಗಿ ಹೇಳಬೇಡಿ. ಅವರಿಗೆ ಸಮಾಧಾನವೂ ಇದೆ: ಗುಜರಾತ್ ತಂಡದಲ್ಲಿ ಸದ್ದಿಲ್ಲದೆ ಕೂತಿದ್ದ ಪವನ್ ಸೆಹ್ರಾವತ್ ಬೆಂಗಳೂರಿಗೆ ಮರಳಿ, 2019ರ ಜನವರಿ 5ರ ಫೈನಲ್‌ನಲ್ಲಿ ಅದೇ ಗುಜರಾತ್ ಎದುರು 22 ಅಂಕ ತಂದು ಕಪ್ ಗೆಲ್ಲಿಸಿದ. 2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ರಾಕೇಶ್ ಕುಮಾರ್‌ಗೆ ಸಿಕ್ಕ 12.80 ಲಕ್ಷ ರೂಪಾಯಿ. 2023ರಲ್ಲಿ ಪವನ್‌ಗೆ ತೆಲುಗು ಟೈಟನ್ಸ್ ಕೊಟ್ಟದ್ದು 2.605 ಕೋಟಿ.

ಈ ಕೋಟಿಯ ಸುದ್ದಿಯೇ ಮನೆಗಳಲ್ಲಿ ತಲೆ ಕೆಡಿಸಿರುವುದು. ಕಾಲೇಜು ಹುಡುಗ ಸಾಮಾನ್ಯವಾಗಿ ಕಾಲಿಡುವುದು ಹೊಸ ಯುವ ಆಟಗಾರರ ಸಾಲಿನಿಂದ, ಕೋಟಿಯ ಸಾಲು ಬೇರೆ. ಆ ಬಿ.ಎ. ಹುಡುಗನ ಬಗ್ಗೆಯೂ ಅವನ ಕಾಕಾ ಪಂದ್ಯ ಮುಗಿದ ಮೇಲೆ ಕೇಳಿದರು: "ಸರ, ಇಂವಾ ನಡೀತಾನೇನ್ರಿ? ಕಾಲೇಜ ಬಿಡಿಸಿ ಬೆಂಗಳೂರಿಗೆ ಕಳಸೂಣೇನ್ರಿ?"

ನನ್ನ ಲೆಕ್ಕ ಹೀಗಿತ್ತು. ಕಣ್ಣು ಚಲೋ ಇದೆ, ಅದನ್ನು ಯಾರೂ ಕಲಿಸಲಾರರು. ಹಿಂದೆ ಸರಿಯುವ ಹೆಜ್ಜೆ ಚಲೋ ಇದೆ. ಆದರೆ ಮುಟ್ಟುವುದೆಲ್ಲ ಬಲಗೈಯಿಂದಲೇ, ಎಡಗೈ ಇದ್ದೂ ಇಲ್ಲ. ಇದನ್ನು ಒಳ್ಳೆಯ ಕೋಚ್ ಒಂದು ಪಂದ್ಯದೊಳಗೆ ಕಂಡುಹಿಡಿಯುತ್ತಾನೆ. ಇಪ್ಪತ್ತು ಸೆಕೆಂಡಾದ ಮೇಲೆ ಕಬಡ್ಡಿ ಕಬಡ್ಡಿ ಎಂಬ ಉಸಿರು ಕೇಳಿಸುವುದೇ ಇಲ್ಲ, ಊರಿನ ಅಂಪೈರ್ ಬಿಟ್ಟರೂ ಮೇಲಿನವರು ಬಿಡುವುದಿಲ್ಲ. ದಣಿದಾಗ ಬೆನ್ನು ತಿರುಗಿಸಿ ಓಡುತ್ತಾನೆ, ಆ ದಿನ ಆಂಕಲ್ ಹೋಲ್ಡಿಗೆ ಸಿಕ್ಕದ್ದು ಹಾಗೇ. ತೂಕ ಕಮ್ಮಿ, ಮ್ಯಾಟ್ ಕಂಡದ್ದು ಕಮ್ಮಿ. ಇವತ್ತು ಟ್ರಯಲ್ಸ್‌ಗೆ ಕಳಿಸಿದರೆ ಎರಡನೇ ದಿನ ವಾಪಸ್ ಬರುತ್ತಾನೆ. ಎರಡು ವರ್ಷ ಬಿಟ್ಟು ಕಳಿಸಿದರೆ ನಾಲ್ಕು ದಿನ ನಿಲ್ಲುತ್ತಾನೆ, ಆಮೇಲಿನದು ಅವನ ಎಡಗೈಗೆ ಬಿಟ್ಟದ್ದು.

ಕಾಲೇಜು ಬಿಡಿಸುವ ಮಾತಿಗೆ ಮಾತ್ರ ನಾನು ತಡಮಾಡದೆ ಬೇಡ ಅಂದೆ. ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ 25ರೊಳಗಿನ, ಹೆಸರು ದಾಖಲಾದ ವಿದ್ಯಾರ್ಥಿಗೆ ಮಾತ್ರ ಪ್ರವೇಶ. ಬೆಂಗಳೂರಿನ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಮುಗಿದ ಮೇಲೆ, 2022ರ ಪ್ರೊ ಕಬಡ್ಡಿ ಹರಾಜಿನ ಪಟ್ಟಿಗೆ ಅಲ್ಲಿ ಫೈನಲ್ ಆಡಿದ ಎರಡೂ ತಂಡಗಳ 24 ಹುಡುಗರನ್ನು ಸೇರಿಸಿಕೊಂಡಿದ್ದರು. ಹೆಸರು ತೆಗೆಸಿದರೆ ಆ ಬಾಗಿಲನ್ನು ಕೈಯಾರೆ ಮುಚ್ಚಿದಂತೆ. ಲೀಗ್ ಸಿಗದಿದ್ದರೂ ಪೊಲೀಸ್, ರೈಲ್ವೆಯಲ್ಲಿ ಕ್ರೀಡಾ ಕೋಟಾ ಇದೆ, ಅಲ್ಲೂ ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ. ಕಾಕಾ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಹುಡುಗನಿಗೆ ಬೂಟಿನ ಅಳತೆ ಎಷ್ಟು ಎಂದು ಕೇಳಿದೆ, ಗೊತ್ತಿಲ್ಲ ಅಂದ. ಈ ವಾರ ಬೆಳಗಾವಿಗೆ ಹೋಗಿ ಮೊದಲು ಬೂಟು ತಗೋ, ದಿನಾ ಸಂಜೆ ಹಾಕಿಕೊಂಡೇ ಆಡು ಎಂದು ಹೇಳಿ ಬಂದಿದ್ದೇನೆ.