‘ನೈಸ್’ ಎಂದರೆ ಏನರ್ಥ?

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ‘ನನ್ನ ತಾಯಿ’ ಎಂಬ ಪ್ರಬಂಧ ಬರೆದು ಐದು ಕಡೆ ‘ನೈಸ್’ ಎಂಬ ಪದ ಹಾಕಿದ್ದಳು. ಅಮ್ಮ ನೈಸ್, ಅಮ್ಮನ ಅಡಿಗೆ ನೈಸ್, ಅಮ್ಮ ಉಡುವ ಸೀರೆ ನೈಸ್. ನಾನು ಐದಕ್ಕೂ ಕೆಂಪು ಶಾಯಿಯಲ್ಲಿ ಗೀಟು ಎಳೆದು, ‘ಬೇರೆ ಪದ ಬಳಸು’ ಎಂದು ಅಂಚಿನಲ್ಲಿ ಬರೆದೆ. ಬೇರೆ ಪದಗಳ ಪಟ್ಟಿಯನ್ನೂ ನಾನೇ ಕೊಟ್ಟಿದ್ದೆ. ಪ್ಲೆಸೆಂಟ್, ಅಗ್ರೀಯಬಲ್, ಚಾರ್ಮಿಂಗ್, ಡೆಲಿಕೇಟ್, ಡಿಲೀಷಿಯಸ್ ಎಂದು ಒಟ್ಟು ಹದಿನೈದು ಸಮಾನಾರ್ಥಕ ಪದಗಳು. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಕಂಠಪಾಠ ಮಾಡಿಸುತ್ತಿದ್ದೆ. ಹುಡುಗಿ ವಿಧೇಯಳು. ಮರುದಿನವೇ ತಿದ್ದಿ ತಂದಳು. ಅಮ್ಮನ ಅಡಿಗೆ ಈಗ ಅಗ್ರೀಯಬಲ್ ಆಗಿತ್ತು, ಅಮ್ಮ ಡಿಲೀಷಿಯಸ್ ಆಗಿದ್ದರು.

ಸ್ಟಾಫ್ ರೂಮಿನಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕೆವು. ಆಗ ಆ ಹುಡುಗಿ ನೋಟ್‌ಬುಕ್ಕುಗಳ ಕಟ್ಟು ಹಿಡಿದುಕೊಂಡು ಬಾಗಿಲ ಹೊರಗೆ ನಿಂತಿದ್ದಳೆಂದು ಆಮೇಲೆ ತಿಳಿಯಿತು. ಆ ವರ್ಷವೆಲ್ಲ ನನ್ನ ಪೀರಿಯಡ್ಡಿನಲ್ಲಿ ಅವಳು ತಾನಾಗಿ ಒಮ್ಮೆಯೂ ಬಾಯಿ ತೆರೆಯಲಿಲ್ಲ.

ಬಹಳ ದಿನಗಳ ಮೇಲೆ, ಒಂದು ಬೇಸಿಗೆ ರಜೆಯಲ್ಲಿ ಜೇನ್ ಆಸ್ಟೆನ್‌ಳ ‘ನಾರ್ಥ್ಯಾಂಗರ್ ಅಬೆ’ ಕಾದಂಬರಿಯನ್ನು ಎರಡನೆಯ ಸಲ ಓದುವಾಗ ಅವಳು ನೆನಪಾದಳು. ಈ ಪುಸ್ತಕದ ಕಥೆಯೂ ಒಂದು ಕಥೆಯೇ. 1803ರಲ್ಲಿ ಪ್ರಕಾಶಕನೊಬ್ಬ ಹಸ್ತಪ್ರತಿಯನ್ನು ಹತ್ತು ಪೌಂಡಿಗೆ ಕೊಂಡು ಅಚ್ಚು ಹಾಕದೆ ಇಟ್ಟುಕೊಂಡ. 1816ರಲ್ಲಿ ಅದೇ ಹತ್ತು ಪೌಂಡು ಕೊಟ್ಟು ವಾಪಸು ಪಡೆಯಬೇಕಾಯಿತು. ಅದು ಹೊರಬಂದದ್ದು 1817ರ ಡಿಸೆಂಬರಿನಲ್ಲಿ. ಬರೆದವಳು ಆ ಜುಲೈನಲ್ಲೇ ತೀರಿಕೊಂಡಿದ್ದಳು.

ಕಾದಂಬರಿಯ ನಾಯಕಿ ಕ್ಯಾಥರೀನ್ ಹಳ್ಳಿಯ ಪಾದ್ರಿಯ ಮಗಳು. ವಯಸ್ಸು ಹದಿನೇಳು. ಪರಿಚಯದವರ ಜೊತೆಯಲ್ಲಿ ಬಾತ್ ಪಟ್ಟಣಕ್ಕೆ ಬಂದಿದ್ದಾಳೆ. ಹೆನ್ರಿ ಟಿಲ್ನಿ ಮತ್ತು ಅವನ ತಂಗಿ ಎಲಿನಾರ್ ಜೊತೆ ಊರ ಹೊರಗಿನ ಗುಡ್ಡಕ್ಕೆ ನಡೆದು ಹೋಗುವಾಗ ಪುಸ್ತಕಗಳ ಮಾತು ಬರುತ್ತದೆ. ಆನ್ ರಾಡ್‌ಕ್ಲಿಫ್ 1794ರಲ್ಲಿ ಪ್ರಕಟಿಸಿದ ‘ಉಡಾಲ್ಫೊ’ ಎಂಬ ಭಯಾನಕ ಕಾದಂಬರಿಯ ಹುಚ್ಚು ಅವಳಿಗೆ. ಅದು ಪ್ರಪಂಚದಲ್ಲೇ ಅತ್ಯಂತ ನೈಸ್ ಪುಸ್ತಕವಲ್ಲವೇ ಎಂದು ಹೆನ್ರಿಯನ್ನು ಕೇಳುತ್ತಾಳೆ. ಅವನು ಅಲ್ಲೇ ಹಿಡಿದುಕೊಳ್ಳುತ್ತಾನೆ. ನೈಸ್ ಎಂದರೆ ಅಚ್ಚುಕಟ್ಟು ಎಂದು ತಾನೇ ಅರ್ಥ? ಹಾಗಾದರೆ ಅದು ಪುಸ್ತಕದ ಬೈಂಡಿಂಗಿಗೆ ಸೇರಿದ ವಿಷಯ ಎನ್ನುತ್ತಾನೆ. ಈ ದಿನ ನೈಸ್, ಈ ನಡಿಗೆ ನೈಸ್, ನೀವಿಬ್ಬರೂ ನೈಸ್ ಎಂದು ಹಾಸ್ಯ ಮಾಡುತ್ತಾನೆ. ಮೊದಲು ಬಹುಶಃ ಅಚ್ಚುಕಟ್ಟು, ಔಚಿತ್ಯ, ನಯ ಇವಕ್ಕೆ ಮಾತ್ರ ಇದ್ದ ಪದ, ಈಗ ಎಲ್ಲದಕ್ಕೂ ಸಲ್ಲುತ್ತಿದೆ ಎಂದು ಪಾಠವನ್ನೂ ಹೇಳುತ್ತಾನೆ. ಮೊದಲ ಸಲ ಇದನ್ನು ಓದಿದಾಗ ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ನನ್ನ ಕೆಂಪು ಶಾಯಿಗೆ ಆಸ್ಟೆನ್‌ಳೇ ಸಹಿ ಹಾಕಿಕೊಟ್ಟಳು ಎಂದುಕೊಂಡಿದ್ದೆ.

ಎರಡನೆಯ ಸಲ ಓದುವಾಗ ಬೇರೆ ಸಾಲುಗಳು ಕಣ್ಣಿಗೆ ಬಿದ್ದವು.

ಮೊದಲನೆಯದಾಗಿ, ಹೆನ್ರಿ ಹೇಳಿದ ಪದಚರಿತ್ರೆಯೇ ತಪ್ಪು. ‘ನೈಸ್’ ಹುಟ್ಟಿದ್ದು ‘ನೆಸ್ಕಿಯುಸ್’ ಎಂಬ ಲ್ಯಾಟಿನ್ ಪದದಿಂದ. ಅದರ ಅರ್ಥ ಏನೂ ತಿಳಿಯದವನು. ಹಳೆಯ ಫ್ರೆಂಚಿನ ಮೂಲಕ ಅದು ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ‘ದಡ್ಡ’ ಎಂಬ ಅರ್ಥದಲ್ಲೇ ಬಂತು. ಹದಿನಾಲ್ಕನೆಯ ಶತಮಾನದ ಕವಿ ಚಾಸರ್‌ನ ಕಾಲದಲ್ಲಿ ಯಾರನ್ನಾದರೂ ನೈಸ್ ಎಂದಿದ್ದರೆ ಅದು ಬೈಗುಳ. ಆಮೇಲೆ ಅದು ಅತಿ ಸಂಕೋಚದವರು, ಎಲ್ಲದರಲ್ಲೂ ಕೊಂಕು ತೆಗೆಯುವವರು, ನಾಜೂಕಿನವರು ಎಂದೆಲ್ಲ ಹೊರಳಿ, ಸೂಕ್ಷ್ಮ, ನಿಖರ ಎಂಬ ಅರ್ಥಕ್ಕೆ ಬಂತು. ‘ಹಿತವಾದದ್ದು’ ಎಂಬ ಅರ್ಥ ನೆಲೆಯೂರಿದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಅಂದರೆ ಕ್ಯಾಥರೀನ್ ಆಡಿದ್ದು ಆ ಕಾಲದ ಹೊಸ ಮಾತು. ಅದನ್ನು ಕೆಟ್ಟದ್ದು ಎಂದ ಹೆನ್ರಿ, ತನ್ನ ಅಜ್ಜನ ಕಾಲದ ಅರ್ಥವನ್ನೇ ಮೂಲ ಎಂದು ತಿಳಿದಿದ್ದ, ಅಷ್ಟೆ. ಪದಗಳ ಕಾವಲಿಗೆ ನಿಂತವರೆಲ್ಲ ಸಾಮಾನ್ಯವಾಗಿ ಹೀಗೆಯೇ.

ಆ ಹಳೆಯ ಅರ್ಥವನ್ನು ಉಳಿಸಿಕೊಂಡವರು ನಾವು ಎಂದರೆ ನಗಬೇಡಿ. ಮಸಾಲೆಯನ್ನು ‘ನೈಸಾಗಿ ರುಬ್ಬಿ’ ಎನ್ನುತ್ತೇವಲ್ಲ, ಅಲ್ಲಿ ನೈಸ್ ಎಂದರೆ ಒಳ್ಳೆಯದಲ್ಲ, ನುಣ್ಣಗೆ. ಹೆನ್ರಿ ಟಿಲ್ನಿಗೆ ನಮ್ಮ ಅಡಿಗೆಮನೆಯಲ್ಲಿ ಯಾವ ತಕರಾರೂ ಇರುತ್ತಿರಲಿಲ್ಲ. ಇನ್ನು ‘ಅತ್ತೇನ ನೈಸ್ ಮಾಡಿ ತವರಿಗೆ ಹೊರಟಳು’ ಎಂಬ ಮಾತಿನ ನೈಸ್ ಅನ್ನು ಇಂಗ್ಲಿಷಿನವರಿಗೆ ವಿವರಿಸಬೇಕಾದರೆ ಒಂದು ಸಂಜೆ ಬೇಕು. ನನ್ನ ಹದಿನೈದು ಪದಗಳ ಪಟ್ಟಿಯಲ್ಲಿ ಇವೆರಡೂ ಇರಲಿಲ್ಲ.

ಎರಡನೆಯದು ಎಲಿನಾರ್. ಅಣ್ಣನ ಉಪನ್ಯಾಸ ಮುಗಿಯುವವರೆಗೆ ಕಾದು, ಅವನನ್ನೇ ‘ನೈಸ್’ ಎಂದು ಕರೆಯುತ್ತಾಳೆ. ವಿವೇಕಕ್ಕಿಂತ ನಾಜೂಕೇ ಜಾಸ್ತಿ ನಿನಗೆ ಎಂಬ ಹಳೆಯ ಅರ್ಥದಲ್ಲಿ! ಅವನಿಗೆ ಗೊತ್ತಿರುವ ಅರ್ಥ ಅವಳಿಗೂ ಗೊತ್ತು, ಆದರೆ ಅವಳು ಅದನ್ನು ಹುಡುಗಿಯ ಮೇಲೆ ಬಳಸಲಿಲ್ಲ. ಅವನು ನಮ್ಮ ತಪ್ಪುಗಳನ್ನು ಹುಡುಕುತ್ತಿರಲಿ, ನಾವು ನಮಗೆ ತೋಚಿದ ಮಾತಿನಲ್ಲೇ ಪುಸ್ತಕವನ್ನು ಹೊಗಳೋಣ ಬಾ ಎಂದು ಕ್ಯಾಥರೀನಳನ್ನು ಮಾತಿಗೆ ಎಳೆದುಕೊಳ್ಳುತ್ತಾಳೆ. ವಿಮರ್ಶಕರು ಹೆನ್ರಿಯ ಚಾತುರ್ಯವನ್ನು ಬಹಳ ಮೆಚ್ಚಿದ್ದಾರೆ. ಇಡೀ ಕಾದಂಬರಿಯಲ್ಲಿ ಮೇಷ್ಟರ ಕೆಲಸ ಬಲ್ಲವಳು ಎಲಿನಾರ್ ಎಂದು ನನ್ನ ಅಭಿಪ್ರಾಯ.

ಹಾಗೆಂದು ‘ನೈಸ್’ ಎಂದರೆ ಸಾಕು ಎಂದಲ್ಲ. ಅದು ಸೋಮಾರಿ ಪದ ಹೌದು. ನಮ್ಮ ‘ಚೆನ್ನಾಗಿದೆ’ಯೂ ಹಾಗೇ, ಈಗ ಮಕ್ಕಳ ಬಾಯಲ್ಲಿ ಎರಡನ್ನೂ ನುಂಗಿರುವ ‘ಸೂಪರ್’ ಕೂಡ ಹಾಗೇ. ಆದರೆ ಅದಕ್ಕೆ ಮದ್ದು ಇನ್ನೊಂದು ಪದವಲ್ಲ. ಸಮಾನಾರ್ಥಕಗಳು ಒಂದೇ ಮನೆಯ ಅಕ್ಕತಂಗಿಯರ ಹಾಗೆ. ಮುಖ ಹೋಲುತ್ತದೆ, ಆದರೆ ಒಬ್ಬಳಿಗೆ ಬಂದ ಪತ್ರವನ್ನು ಇನ್ನೊಬ್ಬಳಿಗೆ ಕೊಡಲಾಗುವುದಿಲ್ಲ. ಮದ್ದು ಯಾವುದೆಂದು ಹೆನ್ರಿಯೇ, ಪಾಠ ಶುರುಮಾಡುವ ಮೊದಲು, ತೋರಿಸಿಬಿಟ್ಟಿದ್ದ. ಅದೇ ‘ಉಡಾಲ್ಫೊ’ವನ್ನು ಎರಡು ದಿನದಲ್ಲಿ ಮುಗಿಸಿದೆ, ಅಷ್ಟು ಹೊತ್ತೂ ಕೂದಲು ನಿಮಿರಿಯೇ ಇತ್ತು ಎಂದು ಹೇಳಿದ್ದ. ಅವನು ತಂಗಿಗೆ ಅದನ್ನು ಓದಿ ಹೇಳುವುದಾಗಿ ಒಪ್ಪಿಕೊಂಡಿದ್ದನಂತೆ. ಅವಳು ಒಂದು ಚೀಟಿಗೆ ಉತ್ತರ ಬರೆಯಲು ಐದು ನಿಮಿಷ ಎದ್ದು ಹೋಗಿದ್ದೇ ತಡ, ಪುಸ್ತಕ ಎತ್ತಿಕೊಂಡು ತೋಟಕ್ಕೆ ಓಡಿದ್ದ. ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಪುಸ್ತಕ ಎಂಥದ್ದೆಂದು ನಮಗೆ ಗೊತ್ತಾಗುತ್ತದೆ. ಇದನ್ನು ಕ್ಯಾಥರೀನಳಿಗೆ ಹೇಳಿಕೊಡದೆ ಅವನು ಬೈಂಡಿಂಗಿನ ಜೋಕು ಹೇಳಿದ. ನಾನು ಪಟ್ಟಿ ಕೊಟ್ಟೆ.

ಪಟ್ಟಿಯನ್ನು ಬೋರ್ಡಿನ ಮೇಲೆ ಬರೆಯುವುದನ್ನು ಬಿಟ್ಟಿದ್ದೇನೆ. ಆ ಮೊದಲ ಹುಡುಗಿ ಅಷ್ಟರಲ್ಲಿ ಪಾಸಾಗಿ ಹೋಗಿದ್ದಳು. ಅವಳ ಅಮ್ಮ ಯಾಕೆ ನೈಸ್ ಎಂದು ನಾನು ಕೇಳಲೇ ಇಲ್ಲ. ಈಗ ‘ನೈಸ್’ ಕಂಡಲ್ಲಿ ಗೀಟು ಎಳೆಯದೆ, ಅಂಚಿನಲ್ಲಿ ‘ಅವರು ಏನು ಮಾಡಿದರು?’ ಎಂದು ಬರೆಯುತ್ತೇನೆ. ಕಳೆದ ಸಲ ಒಬ್ಬಳು ಅದರ ಕೆಳಗೇ ಬರೆದು ತಂದಳು: ಅಮ್ಮ ಪ್ರತಿ ಭಾನುವಾರ ಕಾವಲಿಗೆ ಅಂಟಿ ಹರಿದ ಮೊದಲನೆಯ ದೋಸೆಯನ್ನು ತನ್ನ ತಟ್ಟೆಗೆ ಹಾಕಿಕೊಂಡು ಮುಚ್ಚಿಡುತ್ತಾಳೆ, ಎಲ್ಲರದೂ ಆದಮೇಲೆ ತಣ್ಣಗಾದ ಅದನ್ನೇ ತಿನ್ನುತ್ತಾಳೆ, ಕೇಳಿದರೆ ನನಗೆ ಹೀಗೇ ಇಷ್ಟ ಅನ್ನುತ್ತಾಳೆ. ಎರಡು ಕಡೆ ಕ್ರಿಯಾಪದದ ಕಾಲ ತಪ್ಪಿತ್ತು, ತಿದ್ದಿದೆ. ಮೇಲಿನ ಸಾಲಿನ ‘ನೈಸ್’ ಅಲ್ಲೇ ಇದೆ.