ಸ್ಫೂರ್ತಿ ಯಾರು ಎಂದು ಮತ್ತೆ ಕೇಳಬೇಡಿ

ತುಮಕೂರಿನ ಕನ್ನಡ ಭವನದಲ್ಲೋ, ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೋ ಭಾನುವಾರ ಬೆಳಿಗ್ಗೆ ಪುಸ್ತಕ ಬಿಡುಗಡೆ ಇದೆ ಎಂದರೆ ಅದು ಹೇಗೆ ನಡೆಯುತ್ತದೆ ಎಂಬುದು ಹೋಗುವ ಮೊದಲೇ ಗೊತ್ತಿರುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆ ಎಂದಿದ್ದರೆ ಹನ್ನೊಂದೂಕಾಲಿಗೆ ನಾಡಗೀತೆ. ಆಮೇಲೆ ಸ್ವಾಗತ, ಶಾಲು, ಹಾರ, ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ಹಿಡಿಯುವ ಫೋಟೊ. ಪುಸ್ತಕದ ಬಗ್ಗೆ ಮಾತಾಡುವವರಿಗೆ ಹತ್ತು ನಿಮಿಷ, ಅಧ್ಯಕ್ಷರಿಗೆ ಮುಕ್ಕಾಲು ಗಂಟೆ. ಊಟಕ್ಕೆ ಮೊದಲು ಸಮಯ ಉಳಿದರೆ 'ಲೇಖಕರೊಂದಿಗೆ ಸಂವಾದ'. ಗುಬ್ಬಿಯಿಂದ, ಕುಣಿಗಲ್ಲಿನಿಂದ ಬಸ್ಸು ಹತ್ತಿ ಬಂದ ಕಾಲೇಜು ಹುಡುಗ ಹುಡುಗಿಯರು ಹಿಂದಿನ ಸಾಲಿನಲ್ಲಿರುತ್ತಾರೆ. ಅವರಲ್ಲಿ ಒಬ್ಬರ ಕೈಗೆ ಮೈಕು ಹೋಗುತ್ತದೆ. 'ಸರ್, ನಿಮ್ಮ ಬರವಣಿಗೆಗೆ ಸ್ಫೂರ್ತಿ ಯಾರು?'

ಆ ಹುಡುಗರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರಿಗೆ ಈ ಪ್ರಶ್ನೆಯನ್ನು ಕಲಿಸಿದವರು ನಮ್ಮಂಥವರು. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ವೇದಿಕೆಯಲ್ಲಿ ಸಂವಾದ ನಡೆಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೊಸ ಕತೆಗಾರ್ತಿ, ಮೊದಲ ಸಂಕಲನ. ಪುಸ್ತಕ ಒಂದು ವಾರ ನನ್ನ ಮೇಜಿನ ಮೇಲಿತ್ತು. ಮುನ್ನುಡಿ, ಬೆನ್ನುಡಿ, ಮೊದಲ ಮೂರು ಕತೆ ಓದಿಕೊಂಡು ಹೋದೆ. ಕೇಳಿದ್ದು ಅದೇ ಪ್ರಶ್ನೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ 'ನಮ್ಮಮ್ಮ' ಎಂದರು. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಟೀ ಕುಡಿಯುವಾಗ ಹತ್ತಿರ ಬಂದು ಮೆಲ್ಲಗೆ ಹೇಳಿದರು: 'ಏಳನೇ ಕತೆ ಹನ್ನೊಂದು ಸಲ ಬರ್ದಿದೀನಿ ಸಾರ್. ಅದರ ಬಗ್ಗೆ ಏನಾದ್ರೂ ಕೇಳ್ತೀರಿ ಅನ್ಕೊಂಡಿದ್ದೆ.' ನಾನು ಆ ಕತೆಯವರೆಗೆ ಹೋಗಿಯೇ ಇರಲಿಲ್ಲ.

ಕಲಾವಿದರು, ಲೇಖಕರು ತಮ್ಮ ಕೆಲಸದ ಬಗ್ಗೆ ತಾವೇ ಮಾತಾಡುವುದು ಇವತ್ತು ಒಂದು ಪ್ರಕಾರವೇ ಆಗಿಬಿಟ್ಟಿದೆ. ಸಂದರ್ಶನ, ಸಂವಾದ, ಯೂಟ್ಯೂಬ್ ಮಾತುಕತೆ, ಆತ್ಮಕಥೆ ಎಲ್ಲವೂ ಅದರೊಳಗೆ ಬರುತ್ತವೆ. ಆದರೆ ವಿಮರ್ಶೆ ಇದನ್ನು ಓದಬೇಕಾದ ಬರಹ ಎಂದು ಎಣಿಸಿದ್ದು ಕಡಿಮೆ. ಒಳಗೆ ಸಿಗುವ ಮಾಹಿತಿಯನ್ನು ಹೆಕ್ಕಿಕೊಂಡು ಬಿಟ್ಟುಬಿಡುತ್ತೇವೆ. ನನಗನ್ನಿಸುವುದು ಇಷ್ಟು: ಇಂಥ ಮಾತಿನ ಬೆಲೆ ಮಾತಾಡಿದವರಿಂದ ಎಷ್ಟು ನಿರ್ಧಾರವಾಗುತ್ತದೋ ಕೇಳಿದವರಿಂದಲೂ ಅಷ್ಟೇ ಆಗುತ್ತದೆ. ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ನಮ್ಮ ಸೀಮೆಯಲ್ಲೇ ಸಾಕಷ್ಟು ಸಾಮಗ್ರಿಯಿದೆ.

ತುಮಕೂರಿನ ಪಕ್ಕದ ಗೂಳೂರಿನಿಂದಲೇ ಶುರುಮಾಡಬಹುದು. ಗಣಪತಿಗೆ ಹೆಸರಾದ ಊರು. 'ಶೂನ್ಯಸಂಪಾದನೆ'ಯ ನಾಲ್ಕು ಪರಿಷ್ಕರಣಗಳಲ್ಲಿ ಕೊನೆಯದನ್ನು ಕೊಟ್ಟ ಸಿದ್ಧವೀರಣ್ಣೊಡೆಯರ ಹೆಸರಿನ ಹಿಂದೆ ಇರುವುದೂ ಗೂಳೂರೇ. ಅವರು ತೋಂಟದ ಸಿದ್ಧಲಿಂಗರ ಪರಂಪರೆಯವರು. ಆ ಸಿದ್ಧಲಿಂಗರ ಗದ್ದುಗೆ ಇರುವುದು ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ. ಶರಣರು 12ನೇ ಶತಮಾನದಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಹೇಳಿದ ಬಿಡಿ ವಚನಗಳನ್ನು ಶೂನ್ಯಸಂಪಾದನಕಾರರು ಮುಂದೆ ಹಿಂದೆ ಜೋಡಿಸಿ, ನಡುವೆ ಗದ್ಯದ ಕೊಂಡಿ ಹಾಕಿ, ಎದುರುಬದುರು ನಿಂತ ಜನರ ಮಾತುಕತೆಯನ್ನಾಗಿ ಮಾಡಿದರು. ಉತ್ತರಗಳು ಮೊದಲೇ ಇದ್ದವು. ಯಾವ ಉತ್ತರದ ಎದುರು ಯಾವ ಪ್ರಶ್ನೆ ನಿಲ್ಲಬೇಕು ಎಂದು ಗುರುತಿಸಿದ್ದು ಸಂಪಾದಕರ ಕೆಲಸ.

ಅಲ್ಲಿ ಪ್ರಶ್ನೆ ಹುಟ್ಟುವ ಬಗೆ ನೋಡಿ. ಸೊನ್ನಲಿಗೆಯಲ್ಲಿ ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದಾನೆ. ಅಲ್ಲಮ ಅಲ್ಲಿಗೆ ಬಂದು ಅವನನ್ನು ಹೊಗಳುವುದಿಲ್ಲ, ಒರಟಾಗಿ ಕೆಣಕುತ್ತಾನೆ. ಕೆಲಸಗಾರರು ಕಲ್ಲೆತ್ತುತ್ತಾರೆ, ಸಿದ್ಧರಾಮನೇ ಸಿಟ್ಟಿನಿಂದ ಬರುತ್ತಾನೆ. ಮಾತು ಅಲ್ಲಿಂದ ಮುಂದೆ ಹೋಗುತ್ತದೆ. ಪ್ರಶ್ನೆ ಎದ್ದದ್ದು ಎದುರಿಗಿದ್ದ ಕೆಲಸದಿಂದ, ಅಗೆಯುತ್ತಿದ್ದ ಮಣ್ಣಿನಿಂದ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನೂ ಅಲ್ಲಮ ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪ್ರಶ್ನೆ ಬಿಗಿಯಾದಷ್ಟೂ ಆಕೆಯ ಉತ್ತರಕ್ಕೆ ಎತ್ತರ ಬರುತ್ತದೆ. ಕೇಳುವುದು ಗೌರವದ ಒಂದು ರೂಪ ಎಂಬ ತಿಳಿವಳಿಕೆ ಇದರ ಹಿಂದಿದೆ. ಶಾಲು ಹೊದಿಸುವುದಕ್ಕಿಂತ ದೊಡ್ಡ ಗೌರವ ಅದು.

ಗುಬ್ಬಿಗೆ ಬರೋಣ. ಅಲ್ಲಿನ ದೇವರು ಚನ್ನಬಸವೇಶ್ವರನ ಹೆಸರಿನಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿಗೆ ವೀರಣ್ಣನವರು ಸೇರಿದ್ದು ಪುಟ್ಟ ಹುಡುಗನಾಗಿದ್ದಾಗ. 1917ರ ಹೊತ್ತಿಗೆ ಅವರೇ ಅದರ ಮಾಲೀಕರು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ. ಅದೇ ವರ್ಷ ಅವರು ತೀರಿಕೊಂಡರು. ಅವರ ಆತ್ಮಕಥೆಯ ಹೆಸರು 'ಕಲೆಯೇ ಕಾಯಕ'. ಈ ಹೆಸರಿನಲ್ಲೇ ಒಂದು ವಾದವಿದೆ. ತನ್ನದು ಪ್ರತಿಭೆ ಎನ್ನುತ್ತಿಲ್ಲ, ಸಾಧನೆ ಎನ್ನುತ್ತಿಲ್ಲ. ದಿನವೂ ಎದ್ದು ಮಾಡಬೇಕಾದ, ಇನ್ನೊಬ್ಬರ ಹೊಟ್ಟೆಗೂ ದಾರಿಯಾಗಬೇಕಾದ ದುಡಿಮೆ ಎನ್ನುತ್ತಿದ್ದಾರೆ. ಎಡೆಯೂರು, ಗೂಳೂರುಗಳಿಗೆ ಇಷ್ಟು ಹತ್ತಿರದ ಊರಿನ ಮನುಷ್ಯನಿಗೆ 'ಕಾಯಕ' ಎಂಬುದು ಸುಮ್ಮನೆ ಬಾಯಿಗೆ ಬಂದ ಪದವಾಗಿರಲಾರದು.

ಕಂಪನಿ ನಾಟಕದಲ್ಲಿ ಕಲೆಯನ್ನೂ ವ್ಯವಹಾರವನ್ನೂ ಬೇರೆ ಮಾಡಿ ನೋಡಲು ಬರುವುದಿಲ್ಲ. ಊರೂರಿಗೆ ಪರದೆ, ಪೆಟ್ಟಿಗೆ, ಸೀನರಿ ಸಾಗಿಸಬೇಕು, ಟೆಂಟು ಎಬ್ಬಿಸಬೇಕು, ನೂರಾರು ಜನರಿಗೆ ಅಡುಗೆಯಾಗಬೇಕು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಇದು. ಆನೆ ಬಂದಾಗ ಜನ ಬೆರಗಾದದ್ದು ಎಲ್ಲರ ಬಾಯಲ್ಲೂ ಇದೆ. ಆ ಆನೆಯನ್ನು ಹಗಲು ಎಲ್ಲಿ ಕಟ್ಟಿದ್ದರು, ಮಳೆ ಬಂದು ಗೇಟು ಕಲೆಕ್ಷನ್ ಬಿದ್ದ ದಿನ ಅದಕ್ಕೆ ಮೇವು ಎಲ್ಲಿಂದ ಬಂತು ಎಂದು ಕೇಳುವವನು ವೀರಣ್ಣನವರ ಕಲೆಯ ಹತ್ತಿರಕ್ಕೆ ಬರುತ್ತಾನೆ. ಬೆಳ್ಳಾವೆ ನರಹರಿಶಾಸ್ತ್ರಿಗಳು ಕಂಪನಿಗಾಗಿ ನಾಟಕ ಬರೆದವರು. 1934ರ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ಕ್ಕೂ ಬರೆದವರು ಅವರೇ. ಯಾವ ನಟನ ಬಾಯಿಗೆ ಯಾವ ಮಾತು ಕೂರುತ್ತದೆ ಎಂದು ನೋಡಿ ಬರೆಯುವುದು ಇಂಥವರ ಕೆಲಸ. ಅದು ಸ್ಫೂರ್ತಿಯ ಪ್ರಶ್ನೆಗೆ ಸಿಗುವಂಥದ್ದಲ್ಲ.

ಮಾಲೀಕರ ಆತ್ಮಕಥೆಗೆ ಮಾತ್ರ ಒಂದು ಮಿತಿ ಇದ್ದೇ ಇರುತ್ತದೆ. ಅವರ ಬದುಕು ಕಂಪನಿಯ ಚರಿತ್ರೆಯಾಗಿಬಿಡುತ್ತದೆ, ಕಂಪನಿಯಲ್ಲಿದ್ದ ನೂರಾರು ಜನರ ಚರಿತ್ರೆ ಅದರೊಳಗೆ ಪೂರ್ತಿ ಹಿಡಿಸುವುದಿಲ್ಲ. ಹೆಂಗಸರ ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ರಂಗಕ್ಕೆ ನಟಿಯರನ್ನು ತಂದದ್ದು ವೀರಣ್ಣನವರ ದೊಡ್ಡ ಕೆಲಸಗಳಲ್ಲಿ ಒಂದು. ಪತ್ನಿ ಬಿ. ಜಯಮ್ಮ ನಟಿಯಾಗಿ, ಗಾಯಕಿಯಾಗಿ ದೊಡ್ಡ ಹೆಸರು. ಆದರೆ ಹಾಗೆ ಬಂದ ಹೆಂಗಸರಿಗೆ ಊರು ಹೇಗೆ ಕಂಡಿತು, ಸಂಬಳ ಎಷ್ಟಿತ್ತು, ಹೆರಿಗೆಯ ಹೊತ್ತಿಗೆ ಪಾತ್ರ ಯಾರ ಕೈಗೆ ಹೋಗುತ್ತಿತ್ತು ಎಂಬುದನ್ನು ಅವರೇ ಹೇಳಬೇಕು. ಹೇಳಲು ಯಾರಾದರೂ ಹೋಗಿ ಕೇಳಬೇಕಿತ್ತು.

ಕೇಳಿದರೆ ಏನಾಗುತ್ತದೆ ಎನ್ನುವುದಕ್ಕೆ ಅದೇ ಕಂಪನಿಯ ಬಳ್ಳಿಯಲ್ಲಿ ಎರಡು ಪುಸ್ತಕಗಳಿವೆ. ಮೊದಲನೆಯದು ಬಿ.ವಿ. ಕಾರಂತರದು. ದಕ್ಷಿಣ ಕನ್ನಡದ ಮಂಚಿಯ ಹುಡುಗ ಮನೆ ಬಿಟ್ಟು ಓಡಿ ಬಂದು ಸೇರಿಕೊಂಡದ್ದು ಗುಬ್ಬಿ ಕಂಪನಿಯನ್ನು. ಮುಂದೆ ಓದಲು ಕಾಶಿಗೆ ಕಳಿಸಿದವರು ವೀರಣ್ಣನವರು. ಕಾರಂತರು 2002ರಲ್ಲಿ ತೀರಿಕೊಂಡರು. ಅವರ ಆತ್ಮಕಥನ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'ಯ ನಿರೂಪಣೆ ವೈದೇಹಿಯವರದು. ಇಲ್ಲಿ ಕೇಳಿಸಿಕೊಂಡವರು ಸ್ವತಃ ಕತೆಗಾರ್ತಿ. ಕುಂದಾಪುರದ ಮನೆಯೊಳಗಿನ ಮಾತು, ಅರ್ಧಕ್ಕೆ ನಿಲ್ಲಿಸಿದ ವಾಕ್ಯ, ಹೇಳದೆ ಬಿಟ್ಟದ್ದು, ಇವುಗಳಿಂದಲೇ ಕತೆ ಕಟ್ಟಿದವರು. ಅಂಥವರ ಎದುರು ಕೂತಾಗ ನಿರ್ದೇಶಕನೂ ಪ್ರಶಸ್ತಿಗಳ ಪಟ್ಟಿ ಒಪ್ಪಿಸಲಾರ. ಎಲ್ಲಿಯೂ ನೆಲೆ ನಿಲ್ಲದ ಮನುಷ್ಯನ ಚಡಪಡಿಕೆ ಶೀರ್ಷಿಕೆಗೇ ಏರಿ ಕೂತಿದೆ.

ನಿರೂಪಣೆಯ ಆತ್ಮಕಥೆಗೆ ಒಂದು ಅನುಮಾನ ಯಾವಾಗಲೂ ಅಂಟಿಕೊಂಡಿರುತ್ತದೆ: ಇದು ಯಾರ ಗದ್ಯ? ನಾನು ಅದನ್ನು ದೋಷ ಎನ್ನಲಾರೆ. ಇಬ್ಬರ ಗದ್ಯ ಎಂದೇ ಓದಬೇಕು. ಹೇಳಿದವರ ಉಸಿರು ಎಲ್ಲಿ, ಬರೆದವರ ಆಯ್ಕೆ ಎಲ್ಲಿ ಎಂದು ಗಮನಿಸುತ್ತ ಓದಬೇಕು. ಜೊತೆಗೆ ಪ್ರೇಮಾ ಕಾರಂತರ ಆತ್ಮಕಥೆ 'ಸೋಲಿಸಬೇಡ ಗೆಲಿಸಯ್ಯ'ವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಒಂದೇ ಮನೆಯ ಎರಡು ಬದುಕು, ಎರಡು ಪುಸ್ತಕ. ಗಂಡ ಊರೂರು ಸುತ್ತಿ ನಾಟಕ ಮಾಡಿಸುತ್ತಿದ್ದ ವರ್ಷಗಳನ್ನು ಹೆಂಡತಿ, ಅದೂ ತಾನೇ ನಿರ್ದೇಶಕಿಯಾದ ಹೆಂಡತಿ, ಹೇಗೆ ಕಂಡಳು ಎಂದು ಓದಿದ ಮೇಲೆ ಮೊದಲ ಪುಸ್ತಕ ಮೊದಲಿನಂತೆ ಉಳಿಯುವುದಿಲ್ಲ. ಒಂದು ಪುಸ್ತಕ ಇನ್ನೊಂದಕ್ಕೆ ಪ್ರಶ್ನೆ ಹಾಕುವ ಬಗೆ ಇದು.

ಎರಡನೆಯದು ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರ 'ಕಣ್ಣಾ ಮುಚ್ಚೆ ಕಾಡೇ ಗೂಡೇ', ನಿರೂಪಣೆ ಪ್ರೀತಿ ನಾಗರಾಜ್. ಕಂಪನಿಯ ಮನೆಯಲ್ಲಿ ಬೆಳೆದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 'ಸ್ಪಂದನ' ತಂಡ ಕಟ್ಟಿದವರು ಜಯಶ್ರೀ. ಅಜ್ಜನ ರಂಗಭೂಮಿ ಕಣ್ಮರೆಯಾಗುತ್ತಿದ್ದಾಗ ಹೊಸ ರಂಗಭೂಮಿಯ ಪಾಠ ಕಲಿತು ಬಂದ ಮೊಮ್ಮಗಳು ಅದಕ್ಕೆ ಏನು ಉತ್ತರ ಕೊಡಬೇಕು? ಅವರು ಕಂಪನಿಯ ಹಳೆಯ 'ಸದಾರಮೆ'ಯನ್ನು ಸ್ಪಂದನದಿಂದ ಮತ್ತೆ ರಂಗಕ್ಕೆ ತಂದರು. ಅಜ್ಜನಿಗೆ ಹೆಸರು ತಂದ ಕಳ್ಳನ ಪಾತ್ರವನ್ನು ತಾವೇ ಮಾಡಿದರು. ಒಂದು ಕಾಲಕ್ಕೆ ಗಂಡಸರು ಹೆಣ್ಣು ವೇಷ ಹಾಕುತ್ತಿದ್ದ ಪರಂಪರೆಯಲ್ಲಿ ಒಬ್ಬ ಹೆಂಗಸು ಬಂದು ಗಂಡಿನ ಹಾಸ್ಯವನ್ನು ಎತ್ತಿಕೊಂಡದ್ದು ಅಜ್ಜನಿಗೆ ಮೊಮ್ಮಗಳು ಮಾಡಿದ ನಮಸ್ಕಾರವೂ ಹೌದು, ಹಾಕಿದ ಪ್ರಶ್ನೆಯೂ ಹೌದು. ಈ ಆತ್ಮಕಥೆಯನ್ನು ಆ ಪಾತ್ರದ ಜೊತೆಗಿಟ್ಟು ಓದಬೇಕು. ಮನೆತನದ ಹೆಮ್ಮೆಗಿಂತ ಕಸುಬಿನ ಜಗಳ ಅದರಲ್ಲಿ ದೊಡ್ಡದಾಗಿ ಕಾಣುತ್ತದೆ.

ಎಲ್ಲ ಬದುಕಿಗೂ ಕೇಳುವವರು ಸಿಗುವುದಿಲ್ಲ. ಕೊರಟಗೆರೆ ತಾಲ್ಲೂಕಿನ ತುಂಬಾಡಿ ರಾಮಯ್ಯನವರು 'ಮಣೆಗಾರ' ಬರೆದಾಗ ಎದುರಿಗೆ ನಿರೂಪಕರಿರಲಿಲ್ಲ. ದಲಿತ ಆತ್ಮಕಥೆ ಬರೆಯುವವನು ಕೇಳುವವನೂ ಹೇಳುವವನೂ ತಾನೇ ಆಗಬೇಕಾಗುತ್ತದೆ. ಊರನ್ನು ಪ್ರಶ್ನಿಸುತ್ತಲೇ ತನ್ನನ್ನೂ ಪ್ರಶ್ನಿಸಿಕೊಳ್ಳಬೇಕಾಗುತ್ತದೆ. ಅಲ್ಲಿಗೆ ಹೋಗಿ 'ನಿಮ್ಮ ಸ್ಫೂರ್ತಿ ಯಾರು' ಎಂದು ಕೇಳಿದರೆ ಆ ಪ್ರಶ್ನೆಗೇ ನಾಚಿಕೆಯಾಗಬೇಕು.

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕು. ಕೃತಿ ಕೈಯಲ್ಲಿರುವಾಗ ಕೃತಿಕಾರರ ಮಾತು ಯಾಕೆ ಬೇಕು? ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡು ನಾಡಿಗೆಲ್ಲ ಗೊತ್ತು. ಅದನ್ನು ಮೊದಲು ಕಟ್ಟಿದವರು ಯಾರು ಎಂದು ಯಾರಿಗೂ ಗೊತ್ತಿಲ್ಲ, ಆದರೂ ಹಾಡು ಉಳಿದಿದೆ. ಒಪ್ಪುತ್ತೇನೆ. ಒಳ್ಳೆಯ ಕೃತಿಗೆ ಲೇಖಕರ ಸಮಜಾಯಿಷಿ ಬೇಕಿಲ್ಲ. ಆದರೆ ಹಾಡಿನಿಂದ ಕಲಿಯಬೇಕೆನ್ನುವ ಇನ್ನೊಬ್ಬ ಹಾಡುಗಾರನಿಗೆ ಬೇಕು. ಹಿಂದಿನ ಸಾಲಿನಲ್ಲಿ ಕೂತ ಹುಡುಗಿ ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆದಿಟ್ಟಿದ್ದಾಳೆ, ಯಾರಿಗೂ ತೋರಿಸಿಲ್ಲ. ಹನ್ನೊಂದು ಸಲ ಬರೆದವರು ಹತ್ತು ಸಲ ಎಲ್ಲಿ ತಪ್ಪಿದರು ಎಂದು ಕೇಳಿಸಿಕೊಂಡರೆ ಅವಳು ಮನೆಗೆ ಹೋಗಿ ತನ್ನ ಪುಟವನ್ನು ಮತ್ತೆ ತೆರೆಯುತ್ತಾಳೆ. 'ನಮ್ಮಮ್ಮ' ಎಂಬ ಉತ್ತರ ಕೇಳಿ ಹೋದರೆ, ಬರೆಯುವುದು ಹಣೆಬರಹ ಇದ್ದವರ ಕೆಲಸ ಎಂದುಕೊಳ್ಳುತ್ತಾಳೆ.

ಆದ್ದರಿಂದ ವಿದ್ಯಾರ್ಥಿಗಳಿಗೆ ನಾನು ಈಗ ಹೇಳುವುದು ಸಣ್ಣ ಮಾತು. ಪುಸ್ತಕ ಪೂರ್ತಿ ಓದಲಾಗದಿದ್ದರೆ ಒಂದೇ ಕತೆಯನ್ನು ಎರಡು ಸಲ ಓದಿ ಬನ್ನಿ. ಪುಟದ ಸಂಖ್ಯೆ ಹೇಳಿ ಕೇಳಿ. ಇಲ್ಲಿ ಯಾಕೆ ನಿಲ್ಲಿಸಿದಿರಿ? ಏನನ್ನು ತೆಗೆದುಹಾಕಿದಿರಿ? ಇದನ್ನು ಬರೆಯುವ ತಿಂಗಳುಗಳಲ್ಲಿ ಮನೆ ಹೇಗೆ ನಡೆಯಿತು? ನಿಮ್ಮ ಕತೆಯಲ್ಲಿ ಬಾಯಿಲ್ಲದೆ ಉಳಿದವರು ಯಾರು? ಇಂಥ ಪ್ರಶ್ನೆಗೆ ಉತ್ತರ ಸಿಗದೆಯೂ ಹೋಗಬಹುದು. ಲೇಖಕರಿಗೆ ಸಿಟ್ಟು ಬರಲೂಬಹುದು. ಸಿದ್ಧರಾಮನಿಗೂ ಬಂದಿತ್ತು.

ಆ ಏಳನೇ ಕತೆಯನ್ನು ನಾನು ಅವತ್ತು ರಾತ್ರಿಯೇ ಓದಿದೆ. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೂಲಿಯ ಹೆಂಗಸು, ತೂಕದ ತಕ್ಕಡಿ ನೋಡುವ ಅವಳ ಮಗಳು. ಕತೆ ಒಂದು ಪ್ಯಾರಾ ಮೊದಲೇ ಮುಗಿದುಹೋದಂತಿತ್ತು. ತಕ್ಕಡಿ ಇನ್ನೂ ಅಲುಗಾಡುತ್ತಿತ್ತು. ಮಾರನೇ ದಿನ ಫೋನ್ ಮಾಡಿ, ಕೊನೆಯಲ್ಲಿ ಏನೋ ಇತ್ತಲ್ಲವೇ ಎಂದು ಕೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. 'ಇತ್ತು ಸಾರ್, ಮಗಳು ಎದುರು ಮಾತಾಡ್ತಿದ್ಲು. ಹತ್ತನೇ ಸಲದವರೆಗೂ ಇತ್ತು' ಎಂದರು. ಆಮೇಲೆ ಅವರು ಅದನ್ನು ಯಾಕೆ ತೆಗೆದರು ಎಂದು ಮುಕ್ಕಾಲು ಗಂಟೆ ಹೇಳಿದರು. ಹಿಂದಿನ ದಿನ ಆ ಸಭಾಂಗಣದಲ್ಲಿ ನೂರು ಜನರಿಗೆ ಕೇಳಬೇಕಾಗಿದ್ದ ಮಾತು ಅದು. ಕೇಳಿಸಿಕೊಂಡವನು ನಾನೊಬ್ಬನೇ.